ಬಾವಲಿ ರೆಕ್ಕೆಯ ಆಕೆ ಮುಸಿಡೋರಾ ಅಲ್ಲ

13 ನವೆಂಬರ್ 2025, ಗುರುವಾರ, ರಾತ್ರಿ

ಬೆಳಿಗ್ಗೆಯಿಂದ ಅದೇ ಫೋಟೋ ಮೂರು ಕಡೆಯಿಂದ ಬಂತು. ಬಿಳಿ ಬಟ್ಟೆಯಲ್ಲಿ ಒರಗಿ ಮಲಗಿರುವ ಹೆಂಗಸು, ಅವಳ ಮೇಲೆ ಎರಡೂ ತೋಳು ಚಾಚಿ ಬಾಗಿರುವ ಕಪ್ಪು ಬಾವಲಿ. ಕೆಳಗೆ ಬರೆದದ್ದೂ ಅದೇ: ‘ಲೆ ವ್ಯಾಂಪೀರ್’ ಚಿತ್ರಕ್ಕೆ 110 ವರ್ಷ, ಇರ್ಮಾ ವೆಪ್ ಪಾತ್ರದಲ್ಲಿ ಮುಸಿಡೋರಾ.

ವರ್ಷದ ಲೆಕ್ಕ ಸರಿಯಾಗಿದೆ. ನಿರ್ದೇಶಕ ಲೂಯಿ ಫೋಯಾಡ್ ಫ್ರಾನ್ಸಿನ ಗೋಮೋ ಕಂಪನಿಗೆ ಮಾಡಿದ ಆ ಹತ್ತು ಕಂತಿನ ಮೂಕಿ ಚಿತ್ರದ ಮೊದಲ ಎರಡು ಕಂತುಗಳು ಪ್ಯಾರಿಸ್‌ನಲ್ಲಿ ತೆರೆಕಂಡದ್ದು 1915ರ ನವೆಂಬರ್ 13ಕ್ಕೇ. ಆದರೆ ಹೆಸರು ತಪ್ಪು. ಆ ರೆಕ್ಕೆ ಕಟ್ಟಿಕೊಂಡವಳು ಸ್ತಾಸಿಯಾ ನಾಪಿಯೆರ್ಕೋವ್ಸ್ಕಾ. ಪಾತ್ರದ ಹೆಸರು ಮಾರ್ಫಾ ಕುತಿಲೋಫ್. ಇರ್ಮಾ ವೆಪ್ ಅಷ್ಟು ಹೊತ್ತಿಗೆ ಕಥೆಯೊಳಗೆ ಬಂದೇ ಇಲ್ಲ. ಅವಳು ಬರುವುದು ಮೂರನೇ ಕಂತಿನಲ್ಲಿ, ಅದು ಬಿಡುಗಡೆಯಾದದ್ದು ಡಿಸೆಂಬರ್ 4ಕ್ಕೆ. ನವೆಂಬರ್ 13ರ ನೆನಪಿಗೆ ಮುಸಿಡೋರಾ ಹೆಸರು ಹಾಕಿದರೆ ತಾರೀಖೇ ಅದನ್ನು ಸುಳ್ಳು ಮಾಡುತ್ತದೆ.

ಗುರುತು ಹಿಡಿಯುವುದು ಕಷ್ಟವೂ ಅಲ್ಲ. ರೆಕ್ಕೆ ಇದ್ದರೆ ಮಾರ್ಫಾ. ಮೈಗಂಟಿದ ಕಪ್ಪು ಉಡುಪು, ತಲೆ ಮುಚ್ಚುವ ಮುಸುಕು, ರೆಕ್ಕೆ ಇಲ್ಲ, ಮನೆಯೊಳಗೋ ಮಾಳಿಗೆಯ ಮೇಲೋ ನುಸುಳುತ್ತಿದ್ದಾಳೆ ಅಂದರೆ ಇರ್ಮಾ ವೆಪ್. ಮಾರ್ಫಾಳ ಹಿಂದೆ ಕಾಣುವುದು ರಂಗದ ಸಜ್ಜು, ಯಾಕೆಂದರೆ ಅವಳು ಕಥೆಯೊಳಗೆ ಒಂದು ಬ್ಯಾಲೆ ಆಡುತ್ತಿದ್ದಾಳೆ. ಅವಳು ಕಳ್ಳಿಯಲ್ಲ, ಕೊಲೆಗಾತಿಯಲ್ಲ. ವ್ಯಾಂಪೀರ್ ಅನ್ನುವ ಆ ಪಾತಕಿಗಳ ತಂಡಕ್ಕೆ ಸೇರಿದವಳೇ ಅಲ್ಲ. ಅವರ ಕೈಯಿಂದ ಸಾಯುವವಳು. ಕೊಂದವರ ಗುಂಪಿನವಳ ಹೆಸರನ್ನೇ ಸತ್ತವಳ ಫೋಟೋಗೆ ಹಾಕಿ ಹಂಚುತ್ತಿದ್ದೇವೆ, ಅದಕ್ಕೇ ನನಗೆ ಇಷ್ಟು ಸಂಕಟ.

ಮುಸಿಡೋರಾ ದೊಡ್ಡವಳೇ. ಮುಂದೆ ತಾನೇ ಚಿತ್ರ ನಿರ್ದೇಶಿಸಿದಳು, ಕೊನೆಗಾಲದಲ್ಲಿ ಹಳೆಯ ಚಿತ್ರಗಳನ್ನು ಕಾಪಿಡುವ ಫ್ರೆಂಚ್ ಸಿನೆಮಾತೆಕ್‌ನಲ್ಲಿ ದುಡಿದಳು. ಅವಳಿಗೆ ಫೋಟೋಗಳಿಗೇನೂ ಬರವಿಲ್ಲ. ಸ್ತಾಸಿಯಾಳನ್ನು ಇವತ್ತಿನ ಜನ ಗುರುತಿಸಬಹುದಾದದ್ದು ಹೆಚ್ಚೂಕಡಿಮೆ ಈ ಒಂದೇ ಫೋಟೋದಿಂದ. ಅದೂ ಅವಳ ಹೆಸರಿಗೆ ದಕ್ಕಲಿಲ್ಲ.

ಮಧ್ಯಾಹ್ನ ಅಕ್ಕನ ಮಗಳು ಫೋನ್ ಮಾಡಿದಳು. ಎರಡನೇ ಕಂತನ್ನು, ‘ಕೊಲ್ಲುವ ಉಂಗುರ’ವನ್ನು, ಅವಳಿಗೆ ಆಗಲೇ ಕಳಿಸಿದ್ದೆ. ಹತ್ತರಲ್ಲಿ ಅದೇ ಅತಿ ಚಿಕ್ಕದು, ಹದಿನೈದು ನಿಮಿಷದ ಆಸುಪಾಸು.

“ಚಿಕ್ಕಮ್ಮ, ಇವಳು ಯಾಕೆ ಹೀಗೆ ಪಟಪಟ ಅಂತ ಒದ್ದಾಡ್ತಾಳೆ? ಡ್ಯಾನ್ಸರ್ ಅಂದ್ರಲ್ಲ?”

“ಅವಳು ಒದ್ದಾಡ್ತಿಲ್ಲ ಪುಟ್ಟಿ. ನೀನು ನೋಡ್ತಿರೋ ಸ್ಪೀಡು ಅವಳದ್ದಲ್ಲ.”

ಇದನ್ನು ಬಿಡಿಸಿ ಬರೆಯುತ್ತೇನೆ, ಬೇರೆಯವರಿಗೂ ಬೇಕಾಗುತ್ತದೆ. ಆ ಕಾಲದ ಕ್ಯಾಮೆರಾದಲ್ಲಿ ಹಿಡಿ ಒಂದು ಸುತ್ತು ತಿರುಗಿದರೆ ಎಂಟು ಫ್ರೇಮ್, ಅಂದರೆ ಎಂಟು ಬಿಡಿ ಚಿತ್ರ, ಓಡುತ್ತಿತ್ತು. ಸೆಕೆಂಡಿಗೆ ಎರಡು ಸುತ್ತು ಅನ್ನುವುದು ರೂಢಿ, ಅಂದರೆ 16 ಫ್ರೇಮ್. ಕೈಯಿಂದ ತಿರುಗಿಸುವುದಾದ್ದರಿಂದ ಒಂದೆರಡು ಹೆಚ್ಚುಕಡಿಮೆ ಇದ್ದೇ ಇರುತ್ತಿತ್ತು. ಮಾತಿನ ಚಿತ್ರ ಬಂದ ಮೇಲೆ 24 ಖಾಯಂ ಆಯಿತು. 16ರಲ್ಲಿ ತೆಗೆದದ್ದನ್ನು 24ರಲ್ಲಿ ಓಡಿಸಿದರೆ ಎಲ್ಲವೂ ಒಂದೂವರೆ ಪಟ್ಟು ವೇಗ. 300 ಮೀಟರ್‌ನ ಒಂದು ರೀಲು 16ರಲ್ಲಿ ಹದಿನಾರು ನಿಮಿಷ ಚಿಲ್ಲರೆ ಓಡಬೇಕು, 24ರಲ್ಲಿ ಹನ್ನೊಂದಕ್ಕೇ ಮುಗಿದುಹೋಗುತ್ತದೆ.

“ಅಂದ್ರೆ ಎರಡಕ್ಕೆ ಮೂರು. ಚತುರಶ್ರದ್ದನ್ನ ತಿಶ್ರಕ್ಕೆ ಹಾಕಿದ ಹಾಗೆ” ಅಂದಳು.

ಹೌದು, ಲೆಕ್ಕ ಅದೇ, ತಾಳದಲ್ಲಿ ಎರಡು ಎಣಿಕೆಯ ಜಾಗಕ್ಕೆ ಮೂರು ಕೂರಿಸುವುದು. ಆದರೆ ತಿಶ್ರಕ್ಕೆ ಹಾಕುವಾಗ ಕುಣಿಯುವವಳು ಮೈಯನ್ನೂ ಅದಕ್ಕೆ ಹೊಂದಿಸಿಕೊಳ್ಳುತ್ತಾಳೆ, ಹೆಜ್ಜೆ ಚಿಕ್ಕದಾಗುತ್ತದೆ, ತೋಳು ಹತ್ತಿರ ಬರುತ್ತದೆ. ಇಲ್ಲಿ ಹೊಂದಿಸಿಕೊಳ್ಳಲು ಅವಳೇ ಇಲ್ಲ. ಮೈಯ ತೂಕ, ಬಟ್ಟೆಯ ತೂಕ, ಎರಡೂ ಸುಳ್ಳಾಗುತ್ತವೆ. ಬಾವಲಿ ರೆಕ್ಕೆಯಲ್ಲಿ ಇದು ಎದ್ದು ಕಾಣುತ್ತದೆ. ತೋಳಿಗೆ ಕಟ್ಟಿದ ಬಟ್ಟೆ ತೋಳಿನ ಜೊತೆಗೇ ನಿಲ್ಲುವುದಿಲ್ಲ. ತೋಳು ನಿಂತ ಮೇಲೂ ಅದು ಬರುತ್ತಿರುತ್ತದೆ, ಆಮೇಲೆ ಇಳಿಯುತ್ತದೆ. ಆ ಹಿಂದುಳಿಯುವಿಕೆಯಲ್ಲೇ ಹಾರಾಟದ ಭ್ರಮೆ ಇರುವುದು. ನರ್ತಕಿ ತೋಳನ್ನು ಎಲ್ಲಿ ನಿಲ್ಲಿಸಬೇಕು, ಮುಂದಿನ ಬೀಸು ಯಾವಾಗ ಶುರು ಮಾಡಬೇಕು ಅನ್ನುವುದನ್ನು ಬಟ್ಟೆ ಇಳಿಯುವ ಹೊತ್ತು ನೋಡಿಕೊಂಡೇ ಕೂಡಿಸಿರುತ್ತಾಳೆ. ವೇಗ ಹೆಚ್ಚಿಸಿದರೆ ಆ ಹೊತ್ತು ಕಣ್ಣಿಗೆ ಸಿಗುವುದಿಲ್ಲ, ಬರೀ ಪಟಪಟ ಉಳಿಯುತ್ತದೆ.

ಪರೀಕ್ಷೆ ಮಾಡುವ ಬಗೆಯನ್ನೂ ಹೇಳಿಕೊಟ್ಟೆ. ಕಂಪ್ಯೂಟರಿನಲ್ಲಿ ಯೂಟ್ಯೂಬ್ ತೆರೆದು ನಿಲ್ಲಿಸಿ, ಅಲ್ಪವಿರಾಮ ಮತ್ತು ಪೂರ್ಣವಿರಾಮದ ಕೀಲಿ ಒತ್ತಿದರೆ ಒಂದೊಂದೇ ಫ್ರೇಮ್ ಹಿಂದೆ ಮುಂದೆ ಸರಿಯುತ್ತದೆ. 24 ಫ್ರೇಮಿನ ವಿಡಿಯೋದಲ್ಲಿ ಪ್ರತಿ ಫ್ರೇಮಿನಲ್ಲೂ ಚಲನೆ ಇದ್ದರೆ ವೇಗ ಸರಿಪಡಿಸಿಲ್ಲ ಎಂದರ್ಥ. ಒಂದು ಫ್ರೇಮ್ ಒಂದು ಸಲ, ಮುಂದಿನದು ಎರಡು ಸಲ, ಮತ್ತೆ ಒಂದು ಸಲ, ಹೀಗೆ ಬಂದರೆ 16ರದ್ದನ್ನು 24ಕ್ಕೆ ಆಗಲೇ ಹೊಂದಿಸಿದ್ದಾರೆ, ನೀವು ಕೈ ಹಾಕಬಾರದು. ಮೂರು ಫ್ರೇಮಿನಲ್ಲಿ ಒಂದು ಮಾತ್ರ ಎರಡು ಸಲ ಬಂದರೆ 18ರ ಲೆಕ್ಕದಲ್ಲಿ ಹೊಂದಿಸಿದ್ದು. ಎರಡು ಚಿತ್ರ ಒಂದರ ಮೇಲೊಂದು ಮಸುಕಾಗಿ ಬಿದ್ದಿದ್ದರೆ ಬೆರೆಸಿ ಮಾಡಿದ್ದಾರೆ, ಅಂಥದ್ದರಲ್ಲಿ ನೃತ್ಯ ನೋಡುವುದೇ ಬೇಡ. ಸರಿಪಡಿಸದ್ದು ಸಿಕ್ಕಿದರೆ ವೇಗವನ್ನು 0.75ಕ್ಕೆ ಇಳಿಸಿ, 18 ಆಗುತ್ತದೆ. 0.65 ಇಟ್ಟರೆ ಹತ್ತಿರ ಹತ್ತಿರ 16.

ನೆಗೆತ ಸಿಕ್ಕಿದರೆ ಇನ್ನೂ ಗಟ್ಟಿಯಾಗಿ ಅಳೆಯಬಹುದು. ಮೂವತ್ತು ಸೆಂಟಿಮೀಟರ್ ನೆಗೆದು ಇಳಿಯಲು ಯಾರಿಗಾದರೂ ಅರ್ಧ ಸೆಕೆಂಡು ಬೇಕು, 1915ರಲ್ಲೂ ಅಷ್ಟೇ, ಇವತ್ತೂ ಅಷ್ಟೇ. ಆ ನೆಗೆತಕ್ಕೆ ಎಂಟು ಫ್ರೇಮ್ ಸಿಕ್ಕಿದರೆ ತೆಗೆದದ್ದು 16ರಲ್ಲಿ, ಒಂಬತ್ತು ಸಿಕ್ಕಿದರೆ 18ರಲ್ಲಿ. ಎರಡು ಸಲ ಬಂದ ಫ್ರೇಮನ್ನು ಒಂದೇ ಅಂತ ಎಣಿಸಬೇಕು. ಎತ್ತರ ಅಳೆಯುವಾಗ ಪಾದ ನೋಡಬಾರದು, ಎಲ್ಲರೂ ಎಡವುವುದು ಇಲ್ಲೇ. ನರ್ತಕಿ ಮೊಣಕಾಲು ಮಡಚಿ ಪಾದ ಮೇಲೆಳೆದುಕೊಂಡರೆ ನೆಗೆತ ಇದ್ದದ್ದಕ್ಕಿಂತ ಎತ್ತರ ಅನ್ನಿಸುತ್ತದೆ. ಸೊಂಟ ಎಷ್ಟು ಏರಿತು ಅಂತ ನೋಡಬೇಕು.

“ಚಿಕ್ಕಮ್ಮ, ನಿಧಾನ ಮಾಡಿದೆ. ಬೇರೆಯವಳೇ ಅನ್ನಿಸ್ತಾಳೆ” ಅಂದಳು ಸಂಜೆ. ಆಮೇಲೆ ಅವಳೇ, “ಸಾಯೋ ಜಾಗ ಎಲ್ಲಿ ಶುರುವಾಗುತ್ತೆ ಅಂತ ಗೊತ್ತೇ ಆಗಲ್ಲ, ಡ್ಯಾನ್ಸೇ ಅನ್ಕೊಂಡಿದ್ದೆ.”

ಅದನ್ನೇ ಅವಳು ನೋಡಲಿ ಅಂತ ನಾನು ಕಾದಿದ್ದೆ. ವ್ಯಾಂಪೀರ್ ತಂಡದ ನಾಯಕ ನುವಾರ್‌ಮೂತಿಯೆ ಕೌಂಟ್ ಎಂಬ ವೇಷದಲ್ಲಿ ಬಂದು, ರಂಗಕ್ಕೆ ಹೋಗುವ ಮೊದಲೇ ಅವಳಿಗೆ ಉಂಗುರ ಕೊಟ್ಟಿರುತ್ತಾನೆ. ಅದರ ಮೊನೆಯಲ್ಲಿ ವಿಷ. ಅವಳನ್ನು ಮದುವೆಯಾಗಬೇಕಾದ ಪತ್ರಕರ್ತ ಗೆರಾಂದ್ ಪ್ರೇಕ್ಷಕರ ನಡುವೆ ಕೂತಿದ್ದಾನೆ. ಅವಳು ರೆಕ್ಕೆ ಬಿಚ್ಚಿ ಬರುತ್ತಾಳೆ, ಮಲಗಿದವಳ ಮೇಲೆ ಎರಗುತ್ತಾಳೆ. ಕ್ಯಾಮೆರಾ ಅಲುಗುವುದಿಲ್ಲ, ಹತ್ತಿರ ಹೋಗುವುದೂ ಇಲ್ಲ. ಫೋಯಾಡ್ ಹಾಗೆ ನಿಂತು ನೋಡುವುದನ್ನು ಹಳೆಯ ಕಾಲದ ಕಲಿಯದ ಕೆಲಸ ಅಂತ ಕೆಲವರು ಬರೆಯುತ್ತಾರೆ. ನೃತ್ಯಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಅಂಗಾಲಿನಿಂದ ಬೆರಳ ತುದಿವರೆಗೆ ಪೂರ್ತಿ ಮೈ ಚೌಕಟ್ಟಿನೊಳಗೇ ಇರುತ್ತದೆ. ಹಾಗಾಗಿ ಅವಳು ತೂರಾಡಲು ಶುರು ಮಾಡಿದಾಗ ಅದು ಬ್ಯಾಲೆಯ ಬಾವಲಿಯೋ ಮಾರ್ಫಾಳೋ ಅಂತ ಕ್ಷಣ ಹೊತ್ತು ನಮಗೂ ತಿಳಿಯುವುದಿಲ್ಲ. ಹತ್ತಿರದ ಮುಖ ತೋರಿಸಿಬಿಟ್ಟಿದ್ದರೆ ಆ ಅನುಮಾನವೇ ಹುಟ್ಟುತ್ತಿರಲಿಲ್ಲ. ಅಷ್ಟನ್ನೂ ಮೈಯಲ್ಲೇ ಹೇಳುವ ನರ್ತಕಿ ಬೇಕಿತ್ತು, ಸಿಕ್ಕಳು.

ಆ ಉಡುಪನ್ನು ಕಪ್ಪು ಅನ್ನುತ್ತೇವೆ. ಆಗಿನ ಫಿಲ್ಮಿಗೆ ಕೆಂಪು ಕಾಣುತ್ತಿರಲಿಲ್ಲ, ಕಡುಗೆಂಪೂ ಕಪ್ಪಾಗಿಯೇ ಮೂಡುತ್ತಿತ್ತು. ತಿಳಿ ನೀಲಿ ಬೆಳ್ಳಗಾಗುತ್ತಿತ್ತು. ತುಟಿಗೆ ಕೆಂಪು ಹಚ್ಚಿದವರೆಲ್ಲ ಕರಿತುಟಿಯವರಾಗಿ ಕಾಣುವುದು ಅದಕ್ಕೇ. ಬಣ್ಣ ಹಾಕಿ ‘ಜೀವ ತುಂಬಿದ’ ಹೊಸ ವಿಡಿಯೋಗಳನ್ನು ನೋಡುವಾಗ ಇದು ನೆನಪಿರಲಿ.

ಮಾರ್ಫಾ ಕುತಿಲೋಫ್ ಅನ್ನುವ ರಷ್ಯನ್ ಹೆಸರೂ ಸುಮ್ಮನೆ ಬಂದದ್ದಲ್ಲ. ದಿಯಾಗಿಲೆವ್‌ನ ರಷ್ಯನ್ ಬ್ಯಾಲೆ ತಂಡ 1909ರಲ್ಲಿ ಪ್ಯಾರಿಸ್ಸಿಗೆ ಬಂದ ಮೇಲೆ ನರ್ತಕಿ ಅಂದರೆ ರಷ್ಯನ್ನಳೇ ಅನ್ನುವಂತಾಗಿತ್ತು. ಸ್ತಾಸಿಯಾ ಪ್ಯಾರಿಸ್ಸಿನಲ್ಲೇ ಹುಟ್ಟಿದವಳು, ಮನೆತನದ ಹೆಸರು ಪೋಲೆಂಡಿನದು. ಫೋಲಿ ಬೆರ್ಜೆರ್, ಒಪೆರಾ ಕಾಮಿಕ್ ರಂಗಗಳಲ್ಲಿ ಕುಣಿದವಳು. ಸಿನಿಮಾಕ್ಕೆ 1908ರಲ್ಲೇ ಬಂದಿದ್ದಳು. 1911ರಲ್ಲಿ ಆಲ್ಬೆರ್ ಕಾಪೆಲ್ಲಾನಿಯ ‘ನೋತ್ರ್ ದಾಮ್ ದ ಪಾರಿ’ಯಲ್ಲಿ ಕುಣಿಯುವ ಹುಡುಗಿ ಎಸ್ಮೆರಾಲ್ಡಾ ಅವಳೇ, ಕ್ವಾಸಿಮೋದೋ ಆಗಿ ಆನ್ರಿ ಕ್ರೌಸ್. ಮ್ಯಾಕ್ಸ್ ಲಿಂಡರ್ ಜೊತೆ ಹಾಸ್ಯದ ಕಿರುಚಿತ್ರಗಳೂ ಇವೆ. 1917ರಲ್ಲಿ ‘ಲೆರಿತಿಯೇರ್ ದ ಲ ಮನಾದ್’ ಅನ್ನುವ ಚಿತ್ರವನ್ನು ತಾನೇ ನಿರ್ದೇಶಿಸಿದಳು. ಫ್ರಾನ್ಸಿನ ಮೊದಲ ನಿರ್ದೇಶಕಿಯರ ಹೆಸರು ಎಣಿಸುವಾಗ ಇದನ್ನು ಬಿಟ್ಟೇ ಎಣಿಸುತ್ತಾರೆ.

ಅವಳ ಬಗ್ಗೆ ಬರೆಯುವವರು ಬಿಡಲಾರದೆ ಉಳಿಸಿಕೊಂಡಿರುವುದು ಎರಡು ಸುದ್ದಿ. ಒಂದು, 1913ರಲ್ಲಿ ನ್ಯೂಯಾರ್ಕಿನಲ್ಲಿ ಅರೆಸ್ಟ್ ಆದದ್ದು. ಬ್ರಾಡ್‌ವೇಯ ಪ್ಯಾಲೆಸ್ ಥಿಯೇಟರ್ ಆ ಮಾರ್ಚಿನಲ್ಲಿ ಹೊಸದಾಗಿ ತೆರೆದಿತ್ತು. ಅಲ್ಲಿ ಅವಳ ಕುಣಿತ ಅಶ್ಲೀಲ ಅಂತ ಪೊಲೀಸರು ಹಿಡಿದರು. ಇನ್ನೊಂದು, ‘ಲ ಅಟ್ಲಾಂಟೀಡ್’ ಅನ್ನುವ ಚಿತ್ರ ಮಾಡುವ ಹೊತ್ತಿಗೆ ದಪ್ಪಗಾಗಿದ್ದಳು ಅನ್ನುವುದು.

ಎರಡನೆಯದು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ನಿರ್ದೇಶಕ ಜಾಕ್ ಫೆದೇ ಆ ಚಿತ್ರವನ್ನು ಸ್ಟುಡಿಯೋದ ಮರಳಿನಲ್ಲಿ ತೆಗೆಯುವುದಿಲ್ಲ ಅಂತ ಹಠ ಹಿಡಿದು ಅಲ್ಜೀರಿಯಾಕ್ಕೆ ಹೋದ. ತುಗ್ಗುರ್ತ್, ಓರೆಸ್ ಬೆಟ್ಟಗಳು, ಎಂಟು ತಿಂಗಳು. ಒಳಾಂಗಣದ ದೃಶ್ಯಗಳಿಗೆ ಅಲ್ಜೀರ್ಸ್‌ನ ಬಾಬ್ ಎಲ್ ಊಯೆದ್‌ನಲ್ಲಿ ಡೇರೆ ಹಾಕಿ ಸ್ಟುಡಿಯೋ ಮಾಡಿಕೊಂಡರು. ಸಜ್ಜು, ಉಡುಪು ಚಿತ್ರಕಾರ ಮಾನುಯೆಲ್ ಒರಾತ್ಸಿಯದು. ಖರ್ಚು ಇಪ್ಪತ್ತು ಲಕ್ಷ ಫ್ರಾಂಕ್ ಹತ್ತಿರ. 1921ರಲ್ಲಿ ಬಿಡುಗಡೆಯಾಗಿ ಭರ್ಜರಿಯಾಗಿ ಓಡಿತು. ವಿಮರ್ಶಕ ಲೂಯಿ ದೆಲ್ಯೂಕ್, ಈ ಚಿತ್ರದಲ್ಲಿ ದೊಡ್ಡ ನಟನೊಬ್ಬ ಇದ್ದಾನೆ, ಅವನು ಮರಳು ಅಂದ. ಮಾತು ಚೆನ್ನಾಗಿದೆ, ಅದಕ್ಕೇ ಇವತ್ತಿಗೂ ಎಲ್ಲರ ಬಾಯಲ್ಲಿದೆ. ಆದರೆ ಒಬ್ಬ ನರ್ತಕಿಯನ್ನು ಕರೆದು ಆಂತಿನೇಯಾ ರಾಣಿ ಮಾಡಿ ಕೂರಿಸಿದರೆ ಅವಳು ಯಾವುದರಿಂದ ನಟಿಸಬೇಕು? ಎಸ್ಮೆರಾಲ್ಡಾಗೆ ಕುಣಿತ ಇತ್ತು, ಮಾರ್ಫಾಗೆ ರೆಕ್ಕೆ ಇತ್ತು. ಆಂತಿನೇಯಾ ಕಾಯುತ್ತಾಳೆ, ನೋಡುತ್ತಾಳೆ, ಕರೆಸಿಕೊಳ್ಳುತ್ತಾಳೆ. ಮೈಯೇ ಮಾತಾಗಿದ್ದವಳಿಗೆ ಕೂತಿರುವ ಪಾತ್ರ ಕೊಟ್ಟು, ಆಮೇಲೆ ಆ ಮೈಯ ಸುತ್ತಳತೆ ಮಾತ್ರ ಬರೆದಿಟ್ಟರು.

1920ರ ದಶಕದ ನಡುವಿನ ಹೊತ್ತಿಗೆ ಅವಳ ಚಿತ್ರಗಳು ನಿಂತವು. ಪ್ಯಾರಿಸ್ಸಿನಲ್ಲಿ ತೀರಿಕೊಂಡದ್ದು 1945ರ ಮೇ 11. ಯುರೋಪಿನಲ್ಲಿ ಯುದ್ಧ ಮುಗಿದು ಮೂರೇ ದಿನ ಆಗಿತ್ತು. ಆ ವಾರದ ಪ್ಯಾರಿಸ್ಸಿನ ಬೀದಿಯ ಫೋಟೋಗಳಲ್ಲೆಲ್ಲ ಜನ ಕುಣಿಯುತ್ತಿರುತ್ತಾರೆ.

ಅಕ್ಕನ ಮಗಳು ಈಗ ಮೆಸೇಜ್ ಹಾಕಿದ್ದಾಳೆ. ಎಸ್ಮೆರಾಲ್ಡಾ ಸಿಕ್ಕಿತಂತೆ, ಫ್ರೇಮ್ ಎಣಿಸುತ್ತಿದ್ದಾಳಂತೆ. ಎಡಗಾಲು ಇಳಿಯುವಾಗ ಹಿಮ್ಮಡಿ ಮೊದಲು ತಾಗುತ್ತಾ, ಬೆರಳಾ ಅಂತ ಕೇಳಿದ್ದಾಳೆ. ಬೆರಳು ಅಂತ ಬರೆಯಹೊರಟೆ, ಆದರೆ ಅಲ್ಲಿ ಲಂಗದ ಅಂಚು ಅಡ್ಡ ಬರುತ್ತದೆ, ಒಂದು ಫ್ರೇಮ್ ಹಿಂದಕ್ಕೆ ಹೋಗಿ ನೋಡಿದರೆ