ಒಂಬತ್ತು ಮಿಲಿಮೀಟರ್ ಹಳಿಯ ಮೇಲೆ ಕೋಲಾರದ ಗಾಡಿ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳ ನಾವು ಕೆಲವರು ಮನೆಯಲ್ಲಿ ಮಾದರಿ ರೈಲು ಕಟ್ಟುವ ಹುಚ್ಚು ಹಿಡಿಸಿಕೊಂಡವರು. ಬಿಡುವಾದಾಗ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತೇವೆ. ತುಮಕೂರಿನಿಂದ ನಿವೃತ್ತ ಗಣಿತದ ಮೇಷ್ಟ್ರೊಬ್ಬರು ಬರುತ್ತಾರೆ, ಕೆಜಿಎಫ್‌ನಿಂದ ಟಿ.ವಿ., ಮಿಕ್ಸಿ ರಿಪೇರಿ ಮಾಡುವ ಅಂಗಡಿಯವರು ಬರುತ್ತಾರೆ. ಕೋಲಾರದ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವ ಹುಡುಗ ಸುಗ್ಗಿ ಇಲ್ಲದ ದಿನಗಳಲ್ಲಿ ಮಾತ್ರ ಸಿಗುತ್ತಾನೆ. ಮಾತು ಮಕ್ಕಳ ಪರೀಕ್ಷೆ, ಮನೆ ಕಟ್ಟಿಸುವವರ ಸಿಮೆಂಟಿನ ಲೆಕ್ಕ, ಮೊಣಕಾಲು ನೋವು ಎಂದು ಎಲ್ಲೆಲ್ಲೋ ಸುತ್ತಿ ಕೊನೆಗೆ ಹಳಿಯ ಅಗಲಕ್ಕೇ ಬಂದು ನಿಲ್ಲುತ್ತದೆ. ಹೊಸದಾಗಿ ಈ ಹವ್ಯಾಸಕ್ಕೆ ಬರುವವರು ಕೇಳುವ ಮೊದಲ ಪ್ರಶ್ನೆಯೂ ಅದೇ ಆಗಿರುವುದರಿಂದ, ನನ್ನ ಅಭಿಪ್ರಾಯವನ್ನು ಒಮ್ಮೆ ಸರಿಯಾಗಿ ಬರೆದಿಡುತ್ತಿದ್ದೇನೆ: ನಮ್ಮ ಸೀಮೆಯ ಮನೆಗಳಿಗೆ ನಮ್ಮ ಸೀಮೆಯಲ್ಲೇ ಓಡುತ್ತಿದ್ದ ನ್ಯಾರೋಗೇಜ್ ಗಾಡಿಯೇ ಹೊಂದುತ್ತದೆ.

ಲೆಕ್ಕದಿಂದಲೇ ಆರಂಭಿಸೋಣ. ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಮಾದರಿ ಅಳತೆ ಎಚ್‌ಒ. ಅದರಲ್ಲಿ ಎಲ್ಲವೂ ನಿಜದ ವಸ್ತುವಿನ 87ರಲ್ಲಿ ಒಂದು ಭಾಗ. ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿಯ ಅಗಲ 16.5 ಮಿಲಿಮೀಟರ್. ಇದನ್ನು 87ರಿಂದ ಗುಣಿಸಿದರೆ ಸುಮಾರು 1435 ಮಿಲಿಮೀಟರ್ ಬರುತ್ತದೆ, ಅಂದರೆ ಯುರೋಪ್ ಮತ್ತು ಅಮೆರಿಕಗಳ ಸ್ಟ್ಯಾಂಡರ್ಡ್ ಗೇಜ್. ನಮ್ಮ ಬ್ರಾಡ್‌ಗೇಜ್ ಇರುವುದು 1676 ಮಿಲಿಮೀಟರ್. ಅದನ್ನು 87ರಿಂದ ಭಾಗಿಸಿದರೆ 19.26 ಬರಬೇಕು; ಆ ಅಗಲದ ಹಳಿ ಯಾವ ಅಂಗಡಿಯಲ್ಲೂ ಸಿದ್ಧವಾಗಿ ಸಿಗುವುದಿಲ್ಲ. ಆದ್ದರಿಂದ ಭಾರತದ ಎಂಜಿನ್ನನ್ನು ಎಚ್‌ಒ ಹಳಿಯ ಮೇಲೆ ನಿಲ್ಲಿಸಿದಾಗ ಮೈ ದಪ್ಪ, ಕಾಲು ಸಣ್ಣ ಎಂಬಂತೆ ಕಾಣುತ್ತದೆ. ಪಕ್ಕದಿಂದ ನೋಡಿದರೆ ತಿಳಿಯದು. ಎದುರಿನಿಂದ ಒಂದು ಫೋಟೊ ತೆಗೆದರೆ ಸಾಕು, ಗುಟ್ಟು ರಟ್ಟಾಗುತ್ತದೆ. ಇದನ್ನು ಕಂಡೂ ಕಾಣದಂತೆ ಇರುವವರೇ ಹೆಚ್ಚು, ಅದರಲ್ಲಿ ತಪ್ಪೇನೂ ಇಲ್ಲ.

ಈಗ ಕೋಲಾರದ ಹಳೆಯ ಗಾಡಿಯನ್ನು ನೋಡಿ. ಅದರ ಹಳಿ ಎರಡೂವರೆ ಅಡಿ, ಅಂದರೆ 762 ಮಿಲಿಮೀಟರ್. 87ರಿಂದ ಭಾಗಿಸಿದರೆ 8.76. ಎನ್ ಗೇಜ್ ಎಂಬ ಇನ್ನೂ ಚಿಕ್ಕ ಮಾದರಿ ಪದ್ಧತಿಯ ಹಳಿ 9 ಮಿಲಿಮೀಟರ್ ಇದೆ, ಧಾರಾಳವಾಗಿ ಸಿಗುತ್ತದೆ. ಕಾಲು ಮಿಲಿಮೀಟರಿನ ವ್ಯತ್ಯಾಸ ಯಾವ ಕಣ್ಣಿಗೂ ಕಾಣುವಂಥದ್ದಲ್ಲ. ದೆಹಲಿಗೆ ಹೋಗುವ ರಾಜಧಾನಿ ಎಕ್ಸ್‌ಪ್ರೆಸ್ಸಿಗೆ ಸಿಗದ ನಿಖರತೆ ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರಗಳ ಮೇಲೆ ಹೋಗುತ್ತಿದ್ದ ಪುಟ್ಟ ಪ್ಯಾಸೆಂಜರಿಗೆ ಅಂಗಡಿಯ ಹಳಿಯಲ್ಲೇ ಸಿಕ್ಕಿಬಿಡುತ್ತದೆ.

ನಮ್ಮ ಮೂರು ಜಿಲ್ಲೆಗಳ ವಿಶೇಷವೆಂದರೆ ಒಂದು ಕಾಲದಲ್ಲಿ ಇಲ್ಲಿ ಮೂರು ಅಗಲದ ಹಳಿಗಳೂ ಇದ್ದವು. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ಮೈಸೂರು ಸಂಸ್ಥಾನದ ಮೀಟರ್‌ಗೇಜ್ ಬಂತು. 1894ರಲ್ಲಿ ಚಿನ್ನದ ಗಣಿಗಾಗಿ ಬೌರಿಂಗ್‌ಪೇಟೆಯಿಂದ, ಅಂದರೆ ಈಗಿನ ಬಂಗಾರಪೇಟೆಯಿಂದ, ಮಾರಿಕುಪ್ಪಂವರೆಗೆ ಬ್ರಾಡ್‌ಗೇಜ್ ಕವಲು ಹೋಯಿತು. 1913ರಲ್ಲಿ ಅದೇ ಬೌರಿಂಗ್‌ಪೇಟೆಯಿಂದ ಕೋಲಾರಕ್ಕೆ ನ್ಯಾರೋಗೇಜ್ ಹಾಕಿದರು. ಮುಂದಿನ ಕೆಲವೇ ವರ್ಷಗಳಲ್ಲಿ ಅದು ಚಿಕ್ಕಬಳ್ಳಾಪುರವನ್ನು ಮುಟ್ಟಿ, ಆ ಕಡೆ ಯಲಹಂಕದ ದಿಕ್ಕಿನಿಂದ ಬಂದ ಹಳಿಯನ್ನು ಕೂಡಿಕೊಂಡಿತು. ಎರಡೂವರೆ ಅಡಿಯನ್ನು ಆರಿಸಿದ್ದು ಖರ್ಚಿನ ದೃಷ್ಟಿಯಿಂದ: ಏರಿಗೆ ಹಾಕುವ ಮಣ್ಣು ಕಡಿಮೆ, ಹಳಿಯ ತೂಕ ಕಡಿಮೆ, ಬಂಡೆ ಅಡ್ಡ ಬಂದರೆ ಒಡೆಯುವ ಬದಲು ಸುತ್ತಿಕೊಂಡು ಹೋಗಬಹುದಾದಷ್ಟು ಬಿಗಿಯಾದ ತಿರುವು. ಅಂದಿನ ಎಂಜಿನಿಯರುಗಳು ಲೆಕ್ಕ ಹಾಕಿದ ಈ ಮೂರು ಲಾಭಗಳೂ, ಮಹಡಿಯ ಮೇಲಿನ ಕೋಣೆಯಲ್ಲಿ ಪ್ಲೈವುಡ್ ಹಾಸಿಕೊಂಡು ಕೂತ ನನ್ನಂಥವನಿಗೂ ಹಾಗೆಯೇ ಸಲ್ಲುತ್ತವೆ. ಎಲ್ಲವನ್ನೂ ಒಂದೇ ಅಗಲಕ್ಕೆ ತರುವ ಯೂನಿಗೇಜ್ ಯೋಜನೆ 1992ರಲ್ಲಿ ಶುರುವಾದ ಮೇಲೆ ನಮ್ಮ ಕಡೆಯ ಹಳಿಗಳು ಒಂದೊಂದಾಗಿ ಬದಲಾದವು. ಕೊನೆಗೆ ಉಳಿದಿದ್ದ ಕೋಲಾರ–ಚಿಕ್ಕಬಳ್ಳಾಪುರದ ನಡುವೆ 2013ರಲ್ಲಿ ಬ್ರಾಡ್‌ಗೇಜ್ ಗಾಡಿ ಓಡತೊಡಗಿತು. ಊರಿಗೆ ಒಳ್ಳೆಯದೇ ಆಯಿತು. ಮಾದರಿ ಕಟ್ಟುವವನ ಮಾತು ಬೇರೆ.

ಮಂಡಿಯ ಹುಡುಗ ಇದನ್ನು ಒಪ್ಪುವುದಿಲ್ಲ. ಕಳೆದ ಸಲ ಸೇರಿದ್ದಾಗ, "ಸಾರ್, ವಂದೇ ಭಾರತ್ ಇಲ್ದಿದ್ರೆ ನನ್ ಮಗಳು ತಿರುಗಿ ಕೂಡ ನೋಡಲ್ಲ" ಎಂದು ವಾದಕ್ಕೆ ಇಳಿದ. ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟು, "ನೋಡಪ್ಪ, ನಿನ್ನ ಮನೆ ಹಾಲ್ ಎಷ್ಟು ಉದ್ದ ಇದೆ ಹೇಳು" ಎಂದರು. ಹದಿನಾಲ್ಕು ಅಡಿ ಎಂದ. ಹದಿನಾರು ಬೋಗಿಗಳ ವಂದೇ ಭಾರತ್ 384 ಮೀಟರ್ ಉದ್ದವಿದೆ. ಎಚ್‌ಒ ಅಳತೆಯಲ್ಲಿ ಅದು ಸುಮಾರು 4.4 ಮೀಟರ್, ಅಂದರೆ ಹದಿನಾಲ್ಕೂವರೆ ಅಡಿ. ಗಾಡಿಯನ್ನು ನಿಲ್ಲಿಸಿದರೆ ಅದರ ಮೂತಿ ಅಡುಗೆಮನೆಯೊಳಗೆ ಇರುತ್ತದೆ. ಮೇಲಾಗಿ ಉದ್ದದ ಬೋಗಿಗಳು ಮನೆಯೊಳಗಿನ ಬಿಗಿ ತಿರುವುಗಳಲ್ಲಿ ನಡು ಒಳಗೆ, ಕೊನೆ ಹೊರಗೆ ಚಾಚಿಕೊಂಡು ಸಿಗ್ನಲ್ ಕಂಬಗಳನ್ನೆಲ್ಲ ಕೆಡವಿಕೊಂಡು ಹೋಗುತ್ತವೆ. ಒಂಬತ್ತು ಮಿಲಿಮೀಟರಿನ ಹಳಿಯನ್ನಾದರೆ 228 ಮಿಲಿಮೀಟರ್ ತ್ರಿಜ್ಯದಲ್ಲಿ ಬಾಗಿಸಬಹುದು. ಎರಡು ಅಡಿ ಅಗಲದ ಹಲಗೆಯ ಮೇಲೆ ಗಾಡಿ ಪೂರ್ತಿ ಹಿಂತಿರುಗುತ್ತದೆ. ನಿಜವಾದ ಗಾಡಿಯೂ ನಾಲ್ಕಾರು ಪುಟ್ಟ ಬೋಗಿಗಳದ್ದೇ ಆದ್ದರಿಂದ ಇಲ್ಲಿ ಉದ್ದವನ್ನು ಕತ್ತರಿಸಿದ ಕೊರತೆಯೂ ಇಲ್ಲ. ದೂರವನ್ನು ಮಾತ್ರ ಯಾವ ಅಳತೆಯಲ್ಲಿಯೂ ಉಳಿಸಿಕೊಳ್ಳಲಾಗದು. ನಿಜದ ಒಂದು ಕಿಲೋಮೀಟರ್ ಇಲ್ಲಿ ಹನ್ನೊಂದೂವರೆ ಮೀಟರ್. ಹಾಗಾಗಿ ನನ್ನ ಹಲಗೆಯಲ್ಲಿ ಶ್ರೀನಿವಾಸಪುರದ ಮಾವಿನ ತೋಪು ಮುಗಿದ ಮರುಗಳಿಗೆಗೆ ಚಿಂತಾಮಣಿ.

ಎಂಜಿನ್ ಎಲ್ಲಿಂದ ತರುವುದು ಎಂಬುದು ಮುಂದಿನ ಪ್ರಶ್ನೆ. ಕೋಲಾರದ ನ್ಯಾರೋಗೇಜ್ ಎಂಜಿನ್ನನ್ನು ಯಾರೂ ತಯಾರಿಸಿ ಮಾರುವುದಿಲ್ಲ. ಜಪಾನಿನ ಕ್ಯಾಟೊ ಕಂಪನಿಯವರ ಎನ್ ಗೇಜ್ ಗಾಡಿಗಳ ಅಡಿಗಟ್ಟು, ಅಂದರೆ ಮೋಟಾರು, ಗೇರು, ಚಕ್ರಗಳಿರುವ ಕೆಳಭಾಗ, ಬಿಡಿಯಾಗಿ ಸಿಗುತ್ತದೆ. ಅದರ ಮೇಲೆ ಪ್ಲಾಸ್ಟಿಕ್ ಹಾಳೆಯಿಂದಲೋ ತ್ರೀಡಿ ಪ್ರಿಂಟಿನಿಂದಲೋ ಎಚ್‌ಒ ಅಳತೆಯ ಮೈ ಕಟ್ಟಿ ಕೂರಿಸುವುದು ಜಗತ್ತಿನಾದ್ಯಂತ ನ್ಯಾರೋಗೇಜ್ ಪ್ರಿಯರು ಅನುಸರಿಸುವ ದಾರಿ. ಹೀಗೆ ಕಟ್ಟಿದ ಎಂಜಿನ್ ಹಗುರವಾಗಿರುವುದರಿಂದ ಚಕ್ರ ಜಾರುತ್ತದೆ, ಹಳಿಯಿಂದ ಕರೆಂಟನ್ನೂ ಸರಿಯಾಗಿ ಎಳೆದುಕೊಳ್ಳುವುದಿಲ್ಲ. ಕಾರಿನ ಚಕ್ರದ ಬ್ಯಾಲೆನ್ಸಿಂಗಿಗೆ ಹಾಕುವ ಸೀಸದ ತುಂಡುಗಳು ಟೈರ್ ಅಂಗಡಿಯ ಮೂಲೆಯಲ್ಲಿ ಬಿದ್ದಿರುತ್ತವೆ. ಎರಡನ್ನು ಒಳಗೆ ಅಂಟಿಸಿದರೆ ಎಂಜಿನ್ನಿಗೆ ನೆಲದ ಮೇಲೆ ನಿಂತ ಘನತೆ ಬರುತ್ತದೆ. ಸೀಸವನ್ನು ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯಬೇಕು, ಮಕ್ಕಳ ಕೈಗೆ ಕೊಡಬಾರದು. ವೇಗದ ಬಗ್ಗೆಯೂ ಒಂದು ಮಾತು ಹೇಳಬೇಕು. ಗಂಟೆಗೆ 30 ಕಿಲೋಮೀಟರ್ ಎಂದರೆ ಈ ಅಳತೆಯಲ್ಲಿ ಸೆಕೆಂಡಿಗೆ ಹತ್ತು ಸೆಂಟಿಮೀಟರಿಗೂ ತುಸು ಕಡಿಮೆ. ಬಂದ ನೆಂಟರೆಲ್ಲ ಇನ್ನೂ ಜೋರಾಗಿ ಓಡಿಸಿ ಎನ್ನುತ್ತಾರೆ. ಅವರ ಮಾತನ್ನು ಕೇಳಬಾರದು.

ದೃಶ್ಯ ಕಟ್ಟುವ ವಿಷಯಕ್ಕೆ ಬಂದರೆ ನಮ್ಮ ಜಿಲ್ಲೆಗಳವರಿಗೆ ಪೇಟೆಯಿಂದ ಕೊಳ್ಳಬೇಕಾದದ್ದು ಬಹಳ ಕಡಿಮೆ. ವಿದೇಶದ ಅಂಗಡಿಗಳು ಪೊಟ್ಟಣ ಕಟ್ಟಿ ಮಾರುವ ಹಸಿರು ಗುಡ್ಡ, ಪೈನ್ ಮರಗಳಿಂದ ಕೋಲಾರವನ್ನು ಕಟ್ಟಲು ಆಗುವುದೂ ಇಲ್ಲ. ಇಲ್ಲಿ ಬೇಕಾದದ್ದು ಕೆಂಪು ಮಣ್ಣು, ಗುಂಡು ಬಂಡೆ, ಹೊಂಗೆ, ಹುಣಸೆ, ರಾಗಿ ಹೊಲ, ಶಿಡ್ಲಘಟ್ಟದ ಬಳಿ ಸಾಲುಸಾಲು ಹಿಪ್ಪುನೇರಳೆ. ಒಣಗಿದ ತುಳಸಿಯ ಕಡ್ಡಿಗಳು ಕವಲೊಡೆಯುವ ರೀತಿ ದೊಡ್ಡ ಮರದ್ದೇ. ಅದಕ್ಕೆ ಬಣ್ಣ ಹಾಕಿದ ಮರದ ಪುಡಿಯನ್ನು ಅಂಟಿಸಿದರೆ ಹುಣಸೆ ಮರ ಸಿದ್ಧವಾಗುತ್ತದೆ. ನಮ್ಮ ತಾಯಿಯವರು ಮೊದಮೊದಲು ತುಳಸಿ ಕಡ್ಡಿಯನ್ನು ಈ ಕೆಲಸಕ್ಕೆ ಕೊಡಲು ಸುತರಾಂ ಒಪ್ಪಿರಲಿಲ್ಲ. ಹಲಗೆಯ ಮೇಲೊಂದು ಆಂಜನೇಯನ ಗುಡಿ ಕಟ್ಟಿದ ಮೇಲೆ ತಾವೇ ಒಣಗಿಸಿ ತೆಗೆದಿಡುತ್ತಾರೆ.

ಮಣ್ಣಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಹೊಲದ ಕೆಂಪು ಮಣ್ಣನ್ನು ಬಿಸಿಲಲ್ಲಿ ಒಣಗಿಸಿ, ಬಟ್ಟೆಯಲ್ಲಿ ಜರಡಿ ಹಿಡಿದು ಬಳಸಿದರೆ ಯಾವ ಬಣ್ಣವೂ ಅದಕ್ಕೆ ಸಾಟಿಯಾಗದು. ಆದರೆ ನಮ್ಮ ಮಣ್ಣಿನಲ್ಲಿ ಕಬ್ಬಿಣದ ಅಂಶವಿರುವುದರಿಂದ ಅಯಸ್ಕಾಂತಕ್ಕೆ ಅಂಟುವ ಕಪ್ಪು ಕಣಗಳು ಇದ್ದೇ ಇರುತ್ತವೆ. ಹಳಿಗಳ ನಡುವೆ ಅವು ಸಡಿಲವಾಗಿ ಉಳಿದರೆ, ಮೇಲೆ ಹೋಗುವ ಎಂಜಿನ್ನಿನ ಮೋಟಾರಿನ ಅಯಸ್ಕಾಂತ ಅವನ್ನು ಸೆಳೆದುಕೊಳ್ಳುತ್ತದೆ. ಕೆಲವು ತಿಂಗಳಲ್ಲಿ ಮೋಟಾರು ಕಿರುಗುಟ್ಟತೊಡಗುತ್ತದೆ. ಅದಕ್ಕಾಗಿ ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ತೆಳ್ಳಗೆ ಹರಡಿದ ಮಣ್ಣಿನ ಮೇಲೆ ಹಲವು ಸಲ ಆಡಿಸಬೇಕು. ಚೀಲಕ್ಕೆ ಅಂಟಿದ್ದನ್ನು ದೂರಕ್ಕೆ ಒಯ್ದು ಕೊಡವಬೇಕು. ಆಮೇಲೆ ಫೆವಿಕಾಲನ್ನು ಸಮಪಾಲು ನೀರಿನಲ್ಲಿ ಕಲಸಿ, ಪಾತ್ರೆ ತೊಳೆಯುವ ದ್ರವದ ಒಂದು ಹನಿ ಸೇರಿಸಿದರೆ ಅಂಟು ಮಣ್ಣಿನ ಮೇಲೆ ಮಣಿಯಾಗಿ ನಿಲ್ಲದೆ ಒಳಗೆ ಇಳಿಯುತ್ತದೆ. ಹಳಿಯ ಕೆಳಗಿನ ಜಲ್ಲಿಗೂ ಇದೇ ಕ್ರಮ. ನಿಜದ ಜಲ್ಲಿ 65 ಮಿಲಿಮೀಟರಿನದ್ದಾದರೆ ನಮ್ಮ ಜಲ್ಲಿ ಮುಕ್ಕಾಲು ಮಿಲಿಮೀಟರ್ ಮೀರಬಾರದು. ಮನೆ ಕಟ್ಟುವ ಕಡೆ ಬಿದ್ದಿರುವ ಎಂ–ಸ್ಯಾಂಡನ್ನು ಟೀ ಸೋಸುವ ಜಾಲರಿಯಲ್ಲಿ ಸೋಸಿದರೆ ಆ ಗಾತ್ರವೇ ಸಿಗುತ್ತದೆ, ಅದೂ ನಮ್ಮದೇ ಬಂಡೆಯ ಬಣ್ಣದಲ್ಲಿ.

ಕಟ್ಟಡಗಳಿಗೆ ಫ್ಲೆಕ್ಸ್ ಅಂಗಡಿಯವರು ಎಸೆಯುವ ಸನ್‌ಬೋರ್ಡ್ ತುಂಡುಗಳು ಸಾಕು. ಬಾಲ್‌ಪೆನ್ನಿನ ತುದಿಯಿಂದ ಒತ್ತಿ ಗೀರಿದರೆ ಕಲ್ಲುಗೋಡೆಯ ಸಂದುಗಳು ಮೂಡುತ್ತವೆ. ನಂದಿ ಹಾಲ್ಟ್, ದೇವನಹಳ್ಳಿ, ದೊಡ್ಡಜಾಲಗಳಲ್ಲಿ ನ್ಯಾರೋಗೇಜ್ ಕಾಲದ ಕಲ್ಲಿನ ನಿಲ್ದಾಣಗಳು ಇನ್ನೂ ನಿಂತಿವೆ. ಪಾರಂಪರಿಕ ಕಟ್ಟಡಗಳನ್ನು ಕಾಪಾಡುವ ಇಂಟ್ಯಾಕ್ ಸಂಸ್ಥೆ ಅವುಗಳನ್ನು ಉಳಿಸುವ ಕೆಲಸಕ್ಕೆ ಕೈಹಾಕಿದೆ. ಮಾದರಿ ಮಾಡುವವರು ಒಮ್ಮೆ ಹೋಗಿ, ಬಾಗಿಲ ಪಕ್ಕ ಒಬ್ಬರನ್ನು ನಿಲ್ಲಿಸಿ ಫೋಟೊ ತೆಗೆದುಕೊಂಡು ಬರಬೇಕು. ಆ ವ್ಯಕ್ತಿಯ ಎತ್ತರ ತಿಳಿದಿದ್ದರೆ ಇಡೀ ಕಟ್ಟಡದ ಅಳತೆ ಕೈಗೆ ಬರುತ್ತದೆ.

ವಿದ್ಯುತ್ತಿನ ಕೆಲಸದಲ್ಲಿ ನಾನು ಕೆಜಿಎಫ್‌ನ ಅಣ್ಣನವರನ್ನೇ ನಂಬಿಕೊಂಡಿದ್ದೇನೆ. 12 ವೋಲ್ಟ್ ಡಿಸಿ, ಮೀಟರಿಗೊಂದು ಜೊತೆ ತಂತಿ ಕೆಳಗಿನಿಂದ ಹಳಿಗೆ ಬೆಸುಗೆ, ಇಷ್ಟೇ ಅವರ ಸೂತ್ರ. ಹಳಿಯ ಜೋಡಣೆಯ ತಗಡನ್ನು ಕರೆಂಟಿಗಾಗಿ ನೆಚ್ಚಿಕೊಳ್ಳಬಾರದು ಎನ್ನುತ್ತಾರೆ. ಧೂಳಿನ ಊರಿನಲ್ಲಿ ಅದು ನೂರಕ್ಕೆ ನೂರು ನಿಜ. ಬೇಸಿಗೆಯಲ್ಲಿ ಆರ್‌ಸಿಸಿ ಚಾವಣಿಯ ಕೆಳಗಿನ ಕೋಣೆ ಕಾದಾಗ ಹಳಿಯೂ ಹಿಗ್ಗುತ್ತದೆ: ಮೂರು ಮೀಟರ್ ಹಳಿ ಇಪ್ಪತ್ತು ಡಿಗ್ರಿ ಬಿಸಿಯೇರಿದರೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ಅಷ್ಟು ಸಂದು ಬಿಟ್ಟಿರದಿದ್ದರೆ ಹಳಿ ಡೊಂಕಾಗುತ್ತದೆ. ಹಲಗೆಯ ಗೆದ್ದಲಿನ ವಿಷಯ ಬರೆಯಹೊರಟರೆ ಅದೇ ಬೇರೊಂದು ಬರಹವಾದೀತು.

ನಮ್ಮಲ್ಲಿ ಬಗೆಹರಿಯದೆ ಉಳಿದಿರುವ ಜಗಳವೆಂದರೆ ಕೆರೆಯದು. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಬರುತ್ತಿದೆ. ಮಂಡಿಯ ಹುಡುಗ ತುಂಬಿದ ಕೆರೆಯನ್ನು ನೋಡುತ್ತಿರುವುದರಿಂದ ಮಾದರಿಯಲ್ಲೂ ನೀರು ಇರಲೇಬೇಕು ಎನ್ನುತ್ತಾನೆ. ಮೇಷ್ಟ್ರು ಒಪ್ಪುವುದಿಲ್ಲ. ನ್ಯಾರೋಗೇಜ್ ಓಡುತ್ತಿದ್ದ ಬೇಸಿಗೆಯನ್ನು ತೋರಿಸುವುದಾದರೆ ಬಿರುಕು ಬಿಟ್ಟ ಕೆರೆಯಂಗಳ, ಅದರ ನಡುವೆ ಜಾಲಿ ಗಿಡ, ದನ ಮೇಯಿಸುವವನೊಬ್ಬ, ಇಷ್ಟು ಸಾಕೆಂಬುದು ಅವರ ನಿಲುವು. ನಾನು ಮೇಷ್ಟ್ರ ಪಕ್ಷ. ಒಂದು ಹಲಗೆಗೆ ಒಂದೇ ಕಾಲ ಇರಬೇಕು. ಗಾಡಿ 1985ರದ್ದು, ಕೆರೆ 2020ರದ್ದು ಆಗಬಾರದು.

ಈಗ ಎಲ್ಲರೂ ಸೇರಿ ಕೈಗೆತ್ತಿಕೊಂಡಿರುವುದು ಬಂಗಾರಪೇಟೆ ಜಂಕ್ಷನ್. ದೊಡ್ಡ ಹಳಿ, ಸಣ್ಣ ಹಳಿ ಅಕ್ಕಪಕ್ಕ ನಿಂತಿದ್ದ ಜಾಗ ಅದು. ಅಲ್ಲಿ ಅಂಗಡಿಯ 16.5 ಮಿಲಿಮೀಟರ್ ಹಳಿಯನ್ನು ಬ್ರಾಡ್‌ಗೇಜ್ ಎಂದು ಇಟ್ಟರೆ ಕಣ್ಣು ಒಪ್ಪುವುದಿಲ್ಲ, ಏಕೆಂದರೆ ಪಕ್ಕದಲ್ಲೇ ಸರಿಯಾದ ಅಗಲದ ಸಣ್ಣ ಹಳಿ ಇದ್ದು ದೊಡ್ಡದರ ಸುಳ್ಳನ್ನು ತೋರಿಸಿಕೊಡುತ್ತದೆ. ಆದ್ದರಿಂದ ಕೆಜಿಎಫ್‌ನ ಅಣ್ಣನವರು ತಾಮ್ರದ ಲೇಪವಿರುವ ಪಿಸಿಬಿ ಹಲಗೆಯನ್ನು ಸ್ಲೀಪರುಗಳಾಗಿ ಕತ್ತರಿಸಿ, ಬಿಡಿ ಹಳಿಗಳನ್ನು 19.26 ಮಿಲಿಮೀಟರಿಗೆ ಬೆಸುಗೆ ಹಾಕುತ್ತಿದ್ದಾರೆ. ಎರಡು ಹಳಿಗಳ ನಡುವೆ ಕರೆಂಟು ಹಾಯದಂತೆ ಪ್ರತಿ ಸ್ಲೀಪರಿನ ನಡುವೆ ತಾಮ್ರವನ್ನು ಗೀರಿ ತೆಗೆಯುವ ಕೆಲಸ ಮೇಷ್ಟ್ರದ್ದು. ಹಲಗೆಗಳನ್ನು ಸಾಗಿಸಲು ಮಂಡಿಯಿಂದ ಹಳೆಯ ಟೊಮೆಟೊ ಕ್ರೇಟುಗಳು ಬಂದಿವೆ. ಉಳಿದಿರುವುದು ಚಕ್ರಗಳ ಸಮಸ್ಯೆ: ದೊಡ್ಡ ಗಾಡಿಯ ಅಚ್ಚುಗಳನ್ನೆಲ್ಲ ಅಗಲ ಮಾಡಬೇಕು, ಅಷ್ಟು ಸಣ್ಣ ಉಕ್ಕಿನ ಕಡ್ಡಿಯನ್ನು ಓರೆಯಾಗದಂತೆ ತಿರುವಿ ಕೊಡುವ ಲೇತ್ ಕೆಲಸದವರು ಬೇಕು. ಬಂಗಾರಪೇಟೆ, ಮಾಲೂರು, ತುಮಕೂರು ಕಡೆ ಅಂಥವರು ಯಾರಾದರೂ ನಿಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಕೆಲಸ ಸಣ್ಣದೆಂದು ನಾವು ಕೂಲಿಯಲ್ಲಿ ಚೌಕಾಸಿ ಮಾಡುವುದಿಲ್ಲ.