ಅಪ್ಪಯ್ಯನ ಕ್ಯಾಲೆಂಡರಿನಲ್ಲಿ ತಂಗಿಯ ತಾರೀಕು

2025 ಆಗಸ್ಟ್ 25, ಸೋಮವಾರ
ತೀರ್ಥಹಳ್ಳಿ ಹತ್ತಿರ, ತವರುಮನೆ

ನಾಳೆ ಗೌರಿ ಹಬ್ಬ. ಮಧ್ಯಾಹ್ನವೇ ಶಿವಮೊಗ್ಗದಿಂದ ಬಂದೆ. ಮಂಡಗದ್ದೆ ದಾಟಿದ ಮೇಲೆ ಹಿಡಿದ ಮಳೆ ಇನ್ನೂ ಬಿಟ್ಟಿಲ್ಲ. ಮೂರು ಗಂಟೆಗೆ ಕರೆಂಟ್ ಹೋಯಿತು. ನಮ್ಮಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಕೊಟ್ಟಿಗೆ ಹಿಂದಿನ ದರೆಯ ಮೇಲೆ ಮಾತ್ರ. ಛತ್ರಿ ಹಿಡಿದು ಅಲ್ಲೇ ನಿಂತಿದ್ದೆ. ನಾಲ್ಕೂವರೆಗೆ ತಂಗಿಯ ಫೋನ್ ಬಂತು.

"ಅಕ್ಕಾ, ಬಂತು ಕಣೇ ಕಾಗದ!"

ಅಷ್ಟು ಕೇಳಿದ್ದೇ ಕಾಲಿನ ಶಕ್ತಿ ಹೋದ ಹಾಗಾಯಿತು. ಎರಡು ತಿಂಗಳಿಂದ ನಾವು ಕಾಯುತ್ತಿದ್ದದ್ದು ಈ ಒಂದು ಕಾಗದಕ್ಕೆ.

ಅವಳು ಜರ್ಮನಿಯಲ್ಲಿ ಎಂ.ಎಸ್. ಓದುತ್ತಿದ್ದಾಳೆ. ಹೋಗಿ ಇನ್ನೇನು ಒಂದು ವರ್ಷ. ಅಲ್ಲಿರಲು ಕೊಟ್ಟ ಪರವಾನಗಿ ಸೆಪ್ಟೆಂಬರ್ 20ಕ್ಕೆ ಮುಗಿಯುತ್ತದೆ. ಜೂನ್‌ನಲ್ಲೇ ಅರ್ಜಿ ಹಾಕಿದ್ದಳು. ಆ ಊರಿನ ಕಚೇರಿಯಿಂದ ಮೇಲ್‌ಗೆ ಉತ್ತರವಿಲ್ಲ, ಭೇಟಿಗೆ ದಿನ ಸಿಗುವುದಿಲ್ಲ. ಈಗ ಬಂದಿರುವುದು ಹೊಸ ಪರವಾನಗಿ ಅಲ್ಲ. ಅರ್ಜಿ ತೀರ್ಮಾನವಾಗುವವರೆಗೆ ಕೊಡುವ ತಾತ್ಕಾಲಿಕ ಪ್ರಮಾಣಪತ್ರ. ಜರ್ಮನ್‌ನಲ್ಲಿ ಫಿಕ್ಷನ್ಸ್‌ಬೆಶೈನಿಗುಂಗ್ ಅಂತಾರೆ. ಹಳೆಯದು ಮುಗಿಯುವ ಮೊದಲೇ ಅರ್ಜಿ ಹಾಕಿದ್ದರೆ, ಅದರ ಹಕ್ಕುಗಳೆಲ್ಲ ಹಾಗೇ ಮುಂದುವರಿಯುತ್ತವೆ. ಓದಬಹುದು, ಕೆಲಸ ಮಾಡಬಹುದು. ಮುಗಿದ ಮೇಲೆ ಹಾಕಿದರೆ ಕಥೆ ಬೇರೆ. ಅದಕ್ಕೇ ನಾನು ಏಪ್ರಿಲ್‌ನಿಂದ ಅವಳ ಬೆನ್ನು ಬಿದ್ದಿದ್ದೆ.

ಈ ಬ್ಲಾಗ್ ಓದುವವರಲ್ಲಿ ಮಕ್ಕಳನ್ನು ಕಳಿಸಬೇಕು ಅಂತಿರುವ ತೋಟದ ಮನೆಯವರು ಇದ್ದೀರಿ. ನಿಮಗೋಸ್ಕರ ಕಳೆದ ವರ್ಷದ್ದನ್ನೂ ಬರೆಯುತ್ತೇನೆ.

ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕ ಇಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಇದೆ. ಶುಲ್ಕ ಇಲ್ಲ ಅಂದ ಕೂಡಲೇ ನಾವು ಖುಷಿಯಾದೆವು. ಆದರೆ ಅಲ್ಲಿ ಬದುಕುವ ಖರ್ಚಿಗೆ ಒಂದು ವರ್ಷದ ದುಡ್ಡನ್ನು ಮೊದಲೇ ಬ್ಲಾಕ್ಡ್ ಅಕೌಂಟ್‌ನಲ್ಲಿ ಇಡಬೇಕು. ಅವಳು ಅರ್ಜಿ ಹಾಕಿದಾಗ ಅದು 11,208 ಯೂರೋ. ಸುಮಾರು ಹತ್ತು ಲಕ್ಷ. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ ಇಷ್ಟು ಅಂತ ಮಾತ್ರ ಬಿಡುತ್ತಾರೆ.

ಹತ್ತು ಲಕ್ಷಕ್ಕೆ ಸಾಲ ಕೇಳಲು ಅಪ್ಪಯ್ಯ, ನಾನು ಬ್ಯಾಂಕಿಗೆ ಹೋದೆವು. ಯಾವ ಬ್ಯಾಂಕ್ ಅಂತ ಬರೆಯುವುದಿಲ್ಲ. ಅಪ್ಪಯ್ಯ ಪಹಣಿಗಳನ್ನೆಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಜೋಡಿಸಿಕೊಂಡು ಬಂದಿದ್ದರು. ನಾಲ್ಕು ಎಕರೆ ಅಡಿಕೆ ತೋಟ. ಮೂರು ತಲೆಮಾರಿನದು. ಮ್ಯಾನೇಜರ್ ಅದನ್ನು ಬಿಡಿಸಿಯೂ ನೋಡಲಿಲ್ಲ. "ಕೃಷಿ ಜಮೀನು ಅಡಮಾನಕ್ಕೆ ಆಗಲ್ಲ ಸರ್, ಮನೆನೋ ಸೈಟೋ ಇದ್ರೆ ಹೇಳಿ" ಅಂದರು. ಆಮೇಲೆ ಐಟಿ ರಿಟರ್ನ್ ಕೇಳಿದರು. ಕೃಷಿ ಆದಾಯಕ್ಕೆ ತೆರಿಗೆಯೇ ಇಲ್ಲ. ಅಪ್ಪಯ್ಯ ಜೀವಮಾನದಲ್ಲಿ ರಿಟರ್ನ್ ಹಾಕಿದವರಲ್ಲ. ಅವರು ಏನೂ ಹೇಳದೆ ಪಹಣಿಗಳನ್ನು ವಾಪಸ್ ಕವರಿಗೆ ಹಾಕಿಕೊಂಡರು. ಬಸ್ಸಿನಲ್ಲಿ ತೀರ್ಥಹಳ್ಳಿ ಬರುವವರೆಗೂ ಮಾತಾಡಲಿಲ್ಲ. ಆ ಮೌನ ನನಗೆ ಇವತ್ತಿಗೂ ಚುಚ್ಚುತ್ತದೆ. ಮಳೆಗಾಲದಲ್ಲಿ ಅಡಿಕೆ ಮರ ಹತ್ತುವ ಕೊನೆಗೌಡರ ಹಿಂದೆ ನಿಂತು ಬೋರ್ಡೋ ಔಷಧಿ ಹೊಡೆಸಿ, ಎಲೆಚುಕ್ಕಿ ರೋಗದ ಜೊತೆ ಗುದ್ದಾಡಿ, ಎರಡು ಹೆಣ್ಣು ಮಕ್ಕಳನ್ನು ಓದಿಸಿದ ಮನುಷ್ಯ. ಆದಾಯ ಏನು ಅಂತ ಕೇಳಿದರೆ ತೋರಿಸಲು ಕಾಗದ ಇಲ್ಲ.

ಮನೆಗೆ ಬಂದು ಹುಡುಕಿದೆ. ಇತ್ತು. ಮಂಡಿಯ ಪಟ್ಟಿಗಳು, ಅಡಿಕೆ ಮಾರಿದಾಗ ಕೊಡುವ ಚೀಟಿಗಳು! ಅಪ್ಪಯ್ಯ ಅದನ್ನೆಲ್ಲ ತಂತಿಗೆ ಚುಚ್ಚಿ ಜಗಲಿಯಲ್ಲಿ ನೇತು ಹಾಕುತ್ತಾರೆ. ಅರ್ಧಕ್ಕೆ ಬೂಷ್ಟು ಹಿಡಿದಿತ್ತು. ಅಮ್ಮ ಒಂದೊಂದನ್ನೇ ಒರೆಸಿ, ಒಲೆಯ ಕಾವಿಗೆ ಹಿಡಿದು ಒಣಗಿಸಿದಳು. ಯಾವ ತಾರೀಕು ಎಷ್ಟು ಕ್ವಿಂಟಾಲ್ ರಾಶಿ ಅಡಿಕೆ, ಎಷ್ಟು ಬೆಟ್ಟೆ ಅಡಿಕೆ, ಏನು ರೇಟು, ಎಲ್ಲ ಅದರಲ್ಲಿದೆ. ಮೂರು ವರ್ಷದ್ದನ್ನು ಜೋಡಿಸಿ, ಪಾಸ್‌ಬುಕ್ಕಿನ ಜಮೆಗೆ ತಾಳೆ ಹಾಕಿ, ತಹಶೀಲ್ದಾರರ ಆದಾಯ ಪ್ರಮಾಣಪತ್ರ ಮಾಡಿಸಿದೆವು. ಸಾಲ ಆದದ್ದು ಅದರ ಬಲದಿಂದ. ಅಡಮಾನಕ್ಕೆ ನಮ್ಮನೆಯವರು ವಿನೋಬನಗರದ ಸೈಟಿನ ಪತ್ರ ಕೊಟ್ಟರು. ನಾನು ಕೇಳುವ ಮೊದಲೇ ಬೀರುವಿನಿಂದ ತೆಗೆದು ಮೇಜಿನ ಮೇಲೆ ಇಟ್ಟಿದ್ದರು.

ನಡುವೆ ಒಬ್ಬ ಏಜೆಂಟ್ ಬಂದಿದ್ದ. ಬಡ್ಡಿಗೆ ದುಡ್ಡು ಕೊಡುತ್ತೇನೆ, ಖಾತೆಯಲ್ಲಿ ತೋರಿಸಿ ವೀಸಾ ಆದ ಮೇಲೆ ವಾಪಸ್ ಕೊಡಿ ಅಂದ. ಖಂಡಿತ ಹಾಗೆ ಮಾಡಬೇಡಿ. ಅವಳು ಅಲ್ಲಿ ಊಟ ಮಾಡುವುದು ಅದೇ ದುಡ್ಡಿನಿಂದ ಅಲ್ವಾ?

ಉಳಿದದ್ದು ಅಷ್ಟು ಕಷ್ಟವಾಗಲಿಲ್ಲ. ಎ.ಪಿ.ಎಸ್. ಅಂತ ಒಂದು ಪ್ರಮಾಣಪತ್ರ ಬೇಕು. 2022ರ ನವೆಂಬರ್‌ನಿಂದ ಭಾರತದ ವಿದ್ಯಾರ್ಥಿಗಳಿಗೆ ಕಡ್ಡಾಯ. ನಮ್ಮ ಮಾರ್ಕ್ಸ್ ಕಾರ್ಡುಗಳು ಅಸಲಿ ಅಂತ ಎ.ಪಿ.ಎಸ್. ಕೇಂದ್ರದವರು ಪರೀಕ್ಷಿಸಿ ಕೊಡುವುದು. ಶುಲ್ಕ 18,000 ರೂಪಾಯಿ. ಇದನ್ನು ಮೊದಲು ಶುರು ಮಾಡಿ. ವೀಸಾ ಅರ್ಜಿಗೆ 75 ಯೂರೋ. ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋಗಿ ಬಂದೆವು.

ವೀಸಾ ಬಂದ ದಿನ ಎಲ್ಲ ಮುಗಿಯಿತು ಅಂದುಕೊಂಡಿದ್ದೆವು. ಅದು ಬರೀ ಆರು ತಿಂಗಳಿನದು! ಅಲ್ಲಿ ಮನೆಗೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು. ಆರೋಗ್ಯ ವಿಮೆ ಬೇಕು. ಆಮೇಲೆ ಪರವಾನಗಿಯ ಕಾರ್ಡು. ಅದನ್ನು ಮುಂದುವರಿಸುವಾಗ ಓದು ಸರಿಯಾಗಿ ಸಾಗುತ್ತಿದೆ ಅಂತ ತೋರಿಸಬೇಕು. ದುಡ್ಡನ್ನೂ ಮತ್ತೆ ತೋರಿಸಬೇಕು.

2024ರ ಸೆಪ್ಟೆಂಬರ್‌ನಿಂದ ಆ ಮೊತ್ತ ತಿಂಗಳಿಗೆ 992, ವರ್ಷಕ್ಕೆ 11,904 ಯೂರೋ ಆಗಿದೆ. ಯೂರೋ ಕೂಡ ನೂರು ರೂಪಾಯಿ ದಾಟಿದೆ. ಲೆಕ್ಕ ಹಾಕಿದರೆ ಹನ್ನೆರಡು ಲಕ್ಷ. ಜೂನ್ ತಿಂಗಳಲ್ಲಿ ತೋಟದವರ ಕೈಯಲ್ಲಿ ಎಲ್ಲಿ ದುಡ್ಡಿರುತ್ತದೆ? ಹೊಸ ಕೊಯ್ಲು ದೀಪಾವಳಿ ಹೊತ್ತಿಗೆ. ಅಪ್ಪಯ್ಯ ಅಟ್ಟದಲ್ಲಿ ಉಳಿಸಿದ್ದ ರಾಶಿ ಚೀಲಗಳನ್ನು ಇಳಿಸಿದರು. ನಾನು ಮಗಳ ಹೆಸರಿನ ಎಫ್‌ಡಿ ಮುರಿದೆ. ತಂಗಿ ಓದುವ ವಿಭಾಗದಲ್ಲೇ ಸಹಾಯಕಿಯಾಗಿ ಸೇರಿದ್ದಾಳೆ. ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಹೊರಗೆ ಕೆಲಸ ಮಾಡಬಹುದು. ವಿಶ್ವವಿದ್ಯಾಲಯದೊಳಗಿನ ಇಂಥ ಕೆಲಸ ಆ ಲೆಕ್ಕಕ್ಕೆ ಬರುವುದಿಲ್ಲ. ಅರ್ಜಿಯ ಜೊತೆ ಅವಳ ಸಂಬಳದ ಚೀಟಿಗಳನ್ನೂ ಇಟ್ಟಳು. "ಅಕ್ಕಾ, ಇದು ನನ್ನ ಮಂಡಿ ಪಟ್ಟಿ" ಅಂದಿದ್ದಳು ಆವತ್ತು. ನನಗೆ ಅಳು ಬಂತು.

ದರೆ ಇಳಿದು ಬಂದು ವಿಷಯ ಹೇಳಿದೆ. ಅಮ್ಮ ಗೌರಿಯ ಮುಂದಿನ ರಂಗೋಲಿ ಬಿಟ್ಟು ಎದ್ದು ಬಂದಳು. ಅಪ್ಪಯ್ಯ ಟಾರ್ಚ್ ಹಿಡಿದು ಗೋಡೆಯ ಕ್ಯಾಲೆಂಡರ್ ಹತ್ತಿರ ಹೋದರು. ಅದರಲ್ಲಿ ಎರಡನೇ ಬೋರ್ಡೋ ಹೊಡೆಸಿದ ದಿನ ಇದೆ, ಸೊಸೈಟಿ ಸಾಲದ ಕಂತು ಇದೆ. ಸೆಪ್ಟೆಂಬರ್ 20ರ ಸುತ್ತ ಕೆಂಪು ಶಾಯಿಯ ಗುಂಡು ಇದೆ.

"ಈಗ ಎಲ್ಲಿವರೆಗೆ ಅಂದ್ಲು?"

"ಫೆಬ್ರವರಿ 18, ಅಪ್ಪಯ್ಯ."

"ಇದರಲ್ಲಿ ಫೆಬ್ರವರಿ ಆಗಿಹೋಯ್ತಲ್ಲ ಮಾರಾಯ್ತಿ."

ಡಿಸೆಂಬರ್ ಹಾಳೆ ತೆಗೆದು, ಕೆಳಗಿನ ಅಂಚಿನಲ್ಲಿ ಬರೆದರು. ಅವಳ ಹೆಸರು, ತಾರೀಕು. ಅದರ ಕೆಳಗೆ ಇನ್ನೊಂದು ಸಾಲು: ನವೆಂಬರ್‌ನಲ್ಲಿ ನೆನಪು ಮಾಡುವುದು.