ಓಗೊಡದ ಮನೆ

ಮುಂಬಯಿಯ ಮುಲುಂಡಿನ ನಮ್ಮ ಮನೆಯ ಹಜಾರದಲ್ಲಿ, ಮಳೆಯ ಎರಚಲು ತಾಗದ ಮೂಲೆಯೊಂದರಲ್ಲಿ ಒಂದು ಕಂಪ್ಯೂಟರ್ ಇದೆ. ಬ್ಯಾಂಕಿನ ಕೆಲಸದಿಂದ ನಿವೃತ್ತನಾದ ಮೇಲೆ ನಮ್ಮ ಕಡೆಯ ಕೆಲವು ಹೋಟೆಲಿನವರ ಆದಾಯ ತೆರಿಗೆ ಕಾಗದಪತ್ರಗಳನ್ನು ನಾನು ನೋಡಿಕೊಳ್ಳುತ್ತಿರುವುದರಿಂದ, ಅವರ ಪ್ಯಾನ್ ಸಂಖ್ಯೆ, ಖಾತೆಯ ವಿವರ, ಸಾಲದ ಲೆಕ್ಕ ಎಲ್ಲವೂ ಅದರೊಳಗಿವೆ. ಸ್ವಂತ ಗುಟ್ಟು ಬಯಲಾದರೆ ಸಹಿಸಬಹುದು, ನಂಬಿ ಕೊಟ್ಟವರದ್ದು ಬಯಲಾದರೆ ಮುಖ ತೋರಿಸುವುದು ಹೇಗೆ ಎಂಬ ಅಂಜಿಕೆ ನನಗೆ ಮೊದಲಿನಿಂದಲೂ ಇದೆ. 2023ರ ಜುಲೈ ತಿಂಗಳಲ್ಲಿ, ರಿಟರ್ನ್ ಸಲ್ಲಿಸುವ ಕೊನೆಯ ದಿನವಾದ 31ಕ್ಕೆ ಒಂಬತ್ತು ದಿನವಷ್ಟೇ ಉಳಿದಿದ್ದಾಗ, ಒಂದು ಶನಿವಾರ ಸಂಜೆ, ಮನೆಗೆ ಇಂಟರ್ನೆಟ್ ಹಂಚುವ ರೌಟರಿನ ದಾಖಲೆಯನ್ನು ಸುಮ್ಮನೆ ತೆರೆದು ನೋಡಿದೆ. ಎಲ್ಲೆಲ್ಲಿಯದೋ ವಿಳಾಸಗಳಿಂದ ನಮ್ಮ ಮನೆಗೆ ಕೆಲವು ನಿಮಿಷಕ್ಕೊಮ್ಮೆ ಪಿಂಗ್ ಬರುತ್ತಿತ್ತು. ನಮ್ಮ ರೌಟರು ಪ್ರತಿಯೊಂದಕ್ಕೂ ಮರ್ಯಾದೆಯಿಂದ ಉತ್ತರ ಕೊಡುತ್ತಿತ್ತು.

ಪಿಂಗ್ ಎಂದರೆ ಮತ್ತೇನಲ್ಲ, ‘ಇದ್ದೀಯಾ?’ ಎಂಬ ಕೂಗು ಮತ್ತು ‘ಇದ್ದೇನೆ’ ಎಂಬ ಓಗೊಡುವಿಕೆ. ಅಮೆರಿಕದ ಸೇನೆಯ ಸಂಶೋಧನಾಲಯವೊಂದರಲ್ಲಿದ್ದ ಮೈಕ್ ಮೂಸ್ ಎಂಬವರು 1983ರ ಡಿಸೆಂಬರಿನಲ್ಲಿ ಈ ಚಿಕ್ಕ ಪ್ರೋಗ್ರಾಮನ್ನು ಬರೆದು, ಜಲಾಂತರ್ಗಾಮಿಗಳನ್ನು ಹುಡುಕುವ ಸೋನಾರಿನ ಸದ್ದನ್ನೇ ಅದಕ್ಕೆ ಹೆಸರಾಗಿಟ್ಟರು. ನನಗೆ ಮಾತ್ರ ಅಂದು ನೆನಪಾದದ್ದು ಕುಮಟೆಯ ನಮ್ಮ ಅಜ್ಜಿ. ಕತ್ತಲಾದ ಮೇಲೆ ಹೊರಗಿನಿಂದ ಯಾರಾದರೂ ಹೆಸರು ಹಿಡಿದು ಕೂಗಿದರೆ ಮೂರನೆಯ ಕೂಗಿನವರೆಗೆ ಓಗೊಡಬಾರದು, ಮೊದಲ ಕೂಗು ಮನುಷ್ಯರದ್ದೇ ಎಂಬ ಖಾತರಿಯಿಲ್ಲ ಎಂದು ಆಕೆ ನಮ್ಮನ್ನು ಹೆದರಿಸಿಟ್ಟಿದ್ದಳು. ವಿಂಡೋಸಿನ ಪಿಂಗ್ ನಾಲ್ಕು ಸಲ ಕೂಗುತ್ತದೆ ಎಂಬುದು ಆಕೆಗೆ ಗೊತ್ತಿದ್ದರೆ ಏನೆನ್ನುತ್ತಿದ್ದಳೋ!

ಅಂದು ರಾತ್ರಿಯೇ ಎರಡು ಕೆಲಸ ಮಾಡಿದೆ. ಮೊದಲನೆಯದಾಗಿ, ಹೊರಗಿನ ಪಿಂಗಿಗೆ ಉತ್ತರಿಸಬಾರದೆಂಬ ಆಯ್ಕೆಯನ್ನು ರೌಟರಿನಲ್ಲಿ ಗುರುತು ಮಾಡಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಮುಂದಿನ ಫಜೀತಿ ಅರ್ಧವಾಗುತ್ತಿತ್ತು. ಆದರೆ ಹೆದರಿದವನ ಕೈ ಒಂದೇ ಬೀಗಕ್ಕೆ ನಿಲ್ಲುವುದಿಲ್ಲವಲ್ಲ. ಪಿಂಗ್ ಸಾಗುವುದು ಐಸಿಎಂಪಿ ಎಂಬ ನಿಯಮಾವಳಿಯ ಮೂಲಕ ಎಂದು ಎಲ್ಲೋ ಓದಿದ್ದರಿಂದ, ಕಂಪ್ಯೂಟರಿನ ಕಾವಲುಗಾರನಂತಿರುವ ಫೈರ್‌ವಾಲಿನಲ್ಲಿ ಒಳಬರುವ ಐಸಿಎಂಪಿಯನ್ನೆಲ್ಲ ಸಾರಾಸಗಟಾಗಿ ತಡೆಯುವ ಹೊಸ ನಿಯಮವೊಂದನ್ನೂ ಬರೆದೆ. ಬಳಿಕ ಅಂತರ್ಜಾಲದ ಪರೀಕ್ಷೆಯೊಂದನ್ನು ನಡೆಸಿದಾಗ ನಮ್ಮ ಮನೆ ‘ಅದೃಶ್ಯ’ವಾಗಿದೆ ಎಂಬ ಹಸಿರು ಫಲಿತಾಂಶ ಬಂತು. ಹೆಂಡತಿಯನ್ನು ಕರೆದು ಅದನ್ನು ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ನೋಡಿ, “ಹಾಗಾದರೆ ವಾಟ್ಸಾಪ್ ಬರುತ್ತದೋ ಇಲ್ಲವೋ?” ಎಂದಷ್ಟೇ ಕೇಳಿದಳು.

ಮರುದಿನ ಬೆಳಿಗ್ಗೆ ವಾಟ್ಸಾಪೇನೋ ಬಂತು, ಆದರೆ ನನ್ನ ಕೆಲಸ ಸಾಗಲಿಲ್ಲ. ಪುಟಗಳು ತೆರೆಯುತ್ತಿದ್ದವು, ಸುದ್ದಿ ಓದಬಹುದಿತ್ತು. ಆದರೆ ರಿಟರ್ನಿನ ಕಡತವನ್ನು ಏರಿಸಲು ಹೋದರೆ ಚಕ್ರ ಸುತ್ತುತ್ತಲೇ ಇರುತ್ತಿತ್ತು, ಬಹಳ ಹೊತ್ತಿನ ಬಳಿಕ ಕೆಲವೊಮ್ಮೆ ಏರುತ್ತಿತ್ತು, ಕೆಲವೊಮ್ಮೆ ಕೈಬಿಡುತ್ತಿತ್ತು. ಎಲ್ಲರೂ ಒಟ್ಟಿಗೇ ಮುಗಿಬಿದ್ದಿರಬೇಕೆಂದು ಮೊದಲು ತೆರಿಗೆಯ ಜಾಲತಾಣವನ್ನೇ ಶಂಕಿಸಿದೆ; ಮಿಂಚಂಚೆಗೆ ಒಂದು ಲಗತ್ತು ಸೇರಿಸಲು ಹೋದರೆ ಅದೂ ಹೀಗೆಯೇ ಒದ್ದಾಡಿದಾಗ ಆ ಶಂಕೆ ಬಿದ್ದುಹೋಯಿತು. ಕೊನೆಗೆ ನಮ್ಮ ಕಟ್ಟಡಕ್ಕೆ ಇಂಟರ್ನೆಟ್ ಕೊಡುವ ಕೇಬಲಿನ ಹುಡುಗನಿಗೆ ಫೋನು ಮಾಡಿದೆ. ಅವನು ಎರಡು ನಿಮಿಷ ಕಾಯಿಸಿ, “ಕಾಕಾ, ತುಮಚಾ ರೌಟರ್ ಪಿಂಗ್ ಹೋತ್ ನಾಹೀ, ಲೈನ್ ಡೆಡ್ ಆಹೆ” (ನಿಮ್ಮ ರೌಟರಿಗೆ ಪಿಂಗ್ ಆಗುತ್ತಿಲ್ಲ, ಲೈನು ಸತ್ತಿದೆ) ಎಂದು ತೀರ್ಪು ಕೊಟ್ಟುಬಿಟ್ಟ. ಅದೇ ಲೈನಿನಲ್ಲಿ ನಾನು ಸುದ್ದಿ ಓದುತ್ತಿದ್ದೇನೆ ಎಂದರೆ ಅವನು ನಂಬಲಿಲ್ಲ. ಮಳೆಯಲ್ಲಿ ನೆನೆದುಕೊಂಡು ಬಂದು, ತಂತಿಯನ್ನೂ ಡಬ್ಬಿಯನ್ನೂ ಪರೀಕ್ಷಿಸಿ, ಎಲ್ಲವೂ ಸರಿಯಾಗಿದೆಯೆಂದು ಕಂಡು, ಚಹಾ ಕುಡಿದು, ನನ್ನ ಮುಖವನ್ನೊಮ್ಮೆ ವಿಚಿತ್ರವಾಗಿ ನೋಡಿ ಹೋದ.

ಸಂಜೆ ಐರೋಳಿಯಿಂದ ನನ್ನ ತಂಗಿಯ ಮಗ ಬಂದ. ಅವನದ್ದು ನೆಟ್‌ವರ್ಕಿನದ್ದೇ ಉದ್ಯೋಗ. ನನ್ನ ಹೊಸ ನಿಯಮವನ್ನು ನೋಡಿದವನೇ ನಕ್ಕ. “ಮಾವ, ನೀವು ಭಿಕ್ಷುಕರು ಬೇಡವೆಂದು ಅಂಚೆಯವನನ್ನೂ ಗೇಟಿನಲ್ಲೇ ನಿಲ್ಲಿಸಿದ್ದೀರಿ” ಎಂದ. ಅವನು ವಿವರಿಸಿದ್ದರ ಸಾರ ಹೀಗಿತ್ತು: ಐಸಿಎಂಪಿಯಲ್ಲಿ ಪಿಂಗಿನ ಕೂಗು, ಅದರ ಮರುದನಿ ಇವೆರಡೇ ಅಲ್ಲ, ದಾರಿಯ ತೊಂದರೆಗಳನ್ನು ತಿಳಿಸುವ ಸಂದೇಶಗಳೂ ಇವೆ. ನಮ್ಮ ಕಂಪ್ಯೂಟರು ಕಡತವನ್ನು 1500 ಬೈಟುಗಳ ಪ್ಯಾಕೆಟ್ಟುಗಳಾಗಿ, ಎಂದರೆ ಚಿಕ್ಕ ಕಟ್ಟುಗಳಾಗಿ, ಕಳಿಸುತ್ತದೆ; ನಮ್ಮಲ್ಲಿರುವಂಥ, ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟು ರೌಟರು ಸಂಪರ್ಕ ಹಿಡಿಯುವ ಲೈನಿನಲ್ಲಿ 1492 ಬೈಟುಗಳಷ್ಟೇ ಹಿಡಿಸುತ್ತವೆ. ಗಾತ್ರ ಮೀರಿದ ಪ್ಯಾಕೆಟ್ಟನ್ನು ರೌಟರು ಬಿಸುಟು, ‘ಇದು ಹಿಡಿಸದು, ಚಿಕ್ಕದು ಮಾಡಿ ಕಳಿಸು’ ಎಂದು ಐಸಿಎಂಪಿಯ ಮೂಲಕವೇ ಹಿಂದಕ್ಕೆ ಹೇಳಿ ಕಳಿಸುತ್ತದೆ. ನಾನು ಕಿವಿ ಮುಚ್ಚಿಸಿದ್ದ ಕಂಪ್ಯೂಟರಿಗೆ ಆ ಮಾತು ಕೇಳಿಸದೆ, ಅದು ಅದೇ ದೊಡ್ಡ ಪ್ಯಾಕೆಟ್ಟುಗಳನ್ನು ಮತ್ತೆ ಮತ್ತೆ ಕಳಿಸುತ್ತಿತ್ತು. ಓದುವಾಗ ನಮ್ಮಿಂದ ಹೊರಹೋಗುವುದು ಚಿಕ್ಕ ಚಿಕ್ಕ ಕೋರಿಕೆಗಳಾದ್ದರಿಂದ ತೊಂದರೆಯಿಲ್ಲ; ಕಡತ ಏರಿಸುವಾಗ ಮಾತ್ರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಕೆಲವು ರೌಟರುಗಳು ಇದನ್ನು ತಾವೇ ಸರಿದೂಗಿಸಿಕೊಳ್ಳುತ್ತವಂತೆ, ನಮ್ಮ ಹಳೆಯದು ಆ ಜಾತಿಯದ್ದಲ್ಲ.

ಇಷ್ಟು ಮಾಡಿಯೂ ಆ ನಿಯಮದಿಂದ ಲಾಭವೇನಾದರೂ ಆಗಿತ್ತೇ ಎಂದರೆ ಅದೂ ಇಲ್ಲ. ಹೊರಗಿನ ಪಿಂಗಿಗೆ ಓಗೊಡುತ್ತಿದ್ದುದು ರೌಟರೇ ಹೊರತು ಅದರ ಹಿಂದೆ ಕುಳಿತ ಕಂಪ್ಯೂಟರಲ್ಲ. ಸಾಲದ್ದಕ್ಕೆ, 2004ರಲ್ಲಿ ವಿಂಡೋಸ್ ಎಕ್ಸ್‌ಪಿಯ ಎರಡನೆಯ ಸರ್ವಿಸ್ ಪ್ಯಾಕ್ ಬಂದಾಗಿನಿಂದ ವಿಂಡೋಸಿನ ಫೈರ್‌ವಾಲ್ ತಾನಾಗಿಯೇ ಜಾಗೃತವಾಗಿರುತ್ತದೆ, ಅಪರಿಚಿತರ ಪಿಂಗನ್ನು ಅದು ಹೇಗೂ ತಡೆಯುತ್ತದೆ. ಪಿಂಗ್ ತಡೆಯಬೇಕೆಂಬ ಸಲಹೆ ಹುಟ್ಟಿದ ಕಾಲವೇ ಬೇರೆ. 65,535 ಬೈಟುಗಳ ಮಿತಿ ಮೀರಿದ ಒಂದೇ ಪಿಂಗಿನಿಂದ ಕಂಪ್ಯೂಟರು ಕುಸಿದು ಬೀಳುತ್ತಿದ್ದ ಕಾಲ 1996-97. ಒಬ್ಬರ ಹೆಸರಿನಲ್ಲಿ ನೂರಾರು ಯಂತ್ರಗಳಿಗೆ ಪಿಂಗ್ ಕಳಿಸಿ, ಅವೆಲ್ಲದರ ಉತ್ತರವೂ ಆ ಒಬ್ಬರ ಮೇಲೆ ಒಮ್ಮೆಲೇ ಸುರಿಯುವಂತೆ ಮಾಡುವ ಸ್ಮರ್ಫ್ ಎಂಬ ಹಾವಳಿ ಅದರ ಬೆನ್ನಿಗೇ ಬಂತು. ಆ ರಂಧ್ರಗಳು ಮುಚ್ಚಿಹೋಗಿ ಎರಡು ದಶಕಗಳ ಮೇಲಾದರೂ ಸಲಹೆ ಮಾತ್ರ ಊರೂರು ಸುತ್ತುತ್ತಿದೆ.

“ಆದರೂ ಕಳ್ಳನಿಗೆ ಮನೆಯೇ ಕಾಣದಿದ್ದರೆ ಒಳ್ಳೆಯದಲ್ಲವೇ?” ಎಂದು ನಾನು ಪಟ್ಟು ಬಿಡಲಿಲ್ಲ. ಅದಕ್ಕವನು ಉತ್ತರ ಹೇಳುವ ಬದಲು ತನ್ನ ಲ್ಯಾಪ್‌ಟಾಪನ್ನು ಮೊಬೈಲಿನ ಇಂಟರ್ನೆಟ್ಟಿಗೆ ಜೋಡಿಸಿ, ಹೊರಗಿನವನಂತೆ ನಮ್ಮ ಮನೆಯ ವಿಳಾಸವನ್ನು ಪರೀಕ್ಷಿಸಿದ. ಪಿಂಗಿಗೆ ಉತ್ತರವಿಲ್ಲ. ಪಿಂಗನ್ನು ಬಿಟ್ಟು ನೇರವಾಗಿ ಪೋರ್ಟುಗಳನ್ನು, ಎಂದರೆ ಒಳಬರುವ ಸಂಪರ್ಕಗಳಿಗಾಗಿ ಇರುವ ಸಂಖ್ಯೆಯಿಟ್ಟ ಬಾಗಿಲುಗಳನ್ನು, ತಟ್ಟುವಂತೆ ಅದಕ್ಕೆ ಹೇಳಿದ ಕೂಡಲೇ 3389ನೆಯ ಪೋರ್ಟ್ ತೆರೆದಿರುವುದು ಪರದೆಯ ಮೇಲೆ ಬಂತು.

ಅದು ದೂರದಿಂದಲೇ ಕಂಪ್ಯೂಟರನ್ನು ನಡೆಸುವ ರಿಮೋಟ್ ಡೆಸ್ಕ್‌ಟಾಪಿನ ಬಾಗಿಲು. ತೆರೆದಿಟ್ಟವನು ನಾನೇ. 2021ರಲ್ಲಿ ಅಮ್ಮನ ಆರೈಕೆಗೆಂದು ಮೂರು ತಿಂಗಳು ಕುಮಟೆಯಲ್ಲಿರಬೇಕಾಗಿ ಬಂದಾಗ, ಅಲ್ಲಿಂದಲೇ ಈ ಕಂಪ್ಯೂಟರನ್ನು ಬಳಸಲೆಂದು ಹೆಚ್ಚಿನ ಹಣ ಕೊಟ್ಟು ಇಂಟರ್ನೆಟ್ಟಿನಲ್ಲಿ ಬದಲಾಗದ ಸ್ಥಿರ ವಿಳಾಸ ಪಡೆದು, ರೌಟರಿನಲ್ಲಿ ಆ ಪೋರ್ಟಿಗೆ ದಾರಿ ಮಾಡಿಕೊಟ್ಟಿದ್ದೆ. ಅಮ್ಮ ತೀರಿಕೊಂಡ ಮೇಲೆ ಮುಂಬಯಿಗೆ ಮರಳಿದವನಿಗೆ ಅದು ಮರೆತೇ ಹೋಗಿತ್ತು. ನನ್ನ ಹಸಿರು ಫಲಿತಾಂಶದ ಪರೀಕ್ಷೆಯು ಮೊದಲ ಸಾವಿರದಷ್ಟು ಪೋರ್ಟುಗಳನ್ನು ಮಾತ್ರ ಮುಟ್ಟಿ ನೋಡಿತ್ತು. ಇರುವುದು ಅರವತ್ತೈದು ಸಾವಿರಕ್ಕೂ ಹೆಚ್ಚು.

ಅಳಿಯ ವಿಂಡೋಸಿನ ಭದ್ರತಾ ದಾಖಲೆಯನ್ನು ತೆರೆದ. ವಿಫಲವಾದ ಲಾಗಿನ್ ಪ್ರಯತ್ನಕ್ಕೆ ಅದರಲ್ಲಿ 4625 ಎಂಬ ಸಂಖ್ಯೆ. ಆ ಸಂಖ್ಯೆಯ ಸಾಲುಗಳು ಪುಟದಿಂದ ಪುಟಕ್ಕೆ ಮುಗಿಯಲೇ ಇಲ್ಲ. ಅಡ್ಮಿನ್, ಅಡ್ಮಿನಿಸ್ಟ್ರೇಟರ್, ಟೆಸ್ಟ್, ಯೂಸರ್ ಎಂದು ಯಾರೋ ಎಡೆಬಿಡದೆ ಒಂದೊಂದೇ ಹೆಸರನ್ನು ಒತ್ತಿ ನೋಡುತ್ತಿದ್ದರು. ಕಣ್ಣಾರೆ ನೋಡಬೇಕೆಂದೇ ನಾನು ಶನಿವಾರ ರಾತ್ರಿಯ ಹೊತ್ತನ್ನು ಹುಡುಕಿದೆ. ಪಿಂಗ್ ನಿಲ್ಲಿಸಿ, ಹೆಂಡತಿಗೆ ಹಸಿರು ಪರದೆ ತೋರಿಸಿ, ನೆಮ್ಮದಿಯಾಗಿ ಮಲಗಿದ್ದ ಗಂಟೆಗಳಲ್ಲಿಯೂ ಆ ಸಾಲುಗಳು ಮೊದಲಿನಷ್ಟೇ ದಟ್ಟವಾಗಿದ್ದವು. ಒಂದು ಪೋರ್ಟನ್ನು ಹಿಡಿದು ಇಡೀ ಅಂತರ್ಜಾಲದ ನಾನೂರಕ್ಕೂ ಹೆಚ್ಚು ಕೋಟಿ ಹಳೆಯ ಮಾದರಿಯ ವಿಳಾಸಗಳನ್ನು ಮುಕ್ಕಾಲು ಗಂಟೆಯೊಳಗೆ ತಟ್ಟಿ ಬರಬಹುದೆಂದು ಮಿಶಿಗನ್ ವಿಶ್ವವಿದ್ಯಾಲಯದವರು 2013ರಲ್ಲೇ ತೋರಿಸಿದ್ದಾರೆ. ಹಾಗೆ ತಟ್ಟುವವರು ಮೊದಲು ಕೂಗಿ ಕೇಳುವ ಸೌಜನ್ಯಕ್ಕೆ ನಿಲ್ಲುವುದಿಲ್ಲ. ಅಜ್ಜಿಯ ಎಚ್ಚರಿಕೆಯಲ್ಲಿ ಅಗುಳಿ ಹಾಕಿದ ಬಾಗಿಲು ಇದ್ದೇ ಇತ್ತು, ಅದನ್ನು ಬೇರೆಯಾಗಿ ಹೇಳುವ ಅಗತ್ಯ ಆಕೆಗೆ ಕಂಡಿರಲಿಲ್ಲ.

ಬಹಳ ಹೊತ್ತು ಬೇಕಾಗಲಿಲ್ಲ. 3389ರ ದಾರಿಯನ್ನು ಅಳಿಸಿ, ರಿಮೋಟ್ ಡೆಸ್ಕ್‌ಟಾಪನ್ನೇ ಆರಿಸಿ, ಪಾಸ್‌ವರ್ಡುಗಳನ್ನೆಲ್ಲ ಬದಲಿಸಿ, ಕಂಪ್ಯೂಟರಿನಲ್ಲಿ ನಾನು ಬರೆದಿದ್ದ ನಿಯಮವನ್ನು ಕಿತ್ತುಹಾಕಿದೆವು. ಒಳಗೆ ನುಗ್ಗಿದವರ ಗುರುತೇನಾದರೂ ಇದೆಯೇ ಎಂದು ಯಶಸ್ವಿಯಾದ ಲಾಗಿನ್‌ಗಳನ್ನು ಅವನು ರಾತ್ರಿ ಹನ್ನೊಂದರವರೆಗೂ ಒಂದೊಂದಾಗಿ ನೋಡಿದ. ದಾಖಲೆ ಹಿಂದಕ್ಕೆ ಸಿಗುವಷ್ಟು ದಿನಗಳಲ್ಲಿ ನನ್ನದಲ್ಲದ ಲಾಗಿನ್ ಸಿಗಲಿಲ್ಲ. ಅದಕ್ಕೂ ಹಿಂದಿನ ದಿನಗಳ ಬಗ್ಗೆ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಹೊರಡುವ ಮುನ್ನ ಕಡತ ಏರಿಸಿ ನೋಡಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಯಿತು.

ಸ್ಥಿರ ವಿಳಾಸವನ್ನು ಆ ತಿಂಗಳೇ ಬಿಟ್ಟುಕೊಟ್ಟೆ. ಈಗ ನಮ್ಮ ರೌಟರಿಗೆ ಸಿಗುವುದು 100.64ರ ಸಾಲಿನ, ಹಲವು ಮನೆಗಳು ಒಂದೇ ಹೊರವಿಳಾಸವನ್ನು ಹಂಚಿಕೊಳ್ಳುವ ವ್ಯವಸ್ಥೆಯ ಒಳವಿಳಾಸ. ಹೊರಗಿನವರ ಪಿಂಗ್ ಇಂಟರ್ನೆಟ್ ಕೊಡುವವರ ಯಂತ್ರದಲ್ಲೇ ನಿಂತುಹೋಗುತ್ತದೆ. ರೌಟರಿನಲ್ಲಿದ್ದ ಪಿಂಗ್ ತಡೆಯನ್ನು ಇಡಲೋ ತೆಗೆಯಲೋ ಎಂದು ಎರಡು ದಿನ ಯೋಚಿಸಿ, ಕೊನೆಗೆ ತೆಗೆದುಬಿಟ್ಟೆ. ಆಗಸ್ಟಿನಲ್ಲಿ ಒಮ್ಮೆ ಜೋರು ಮಳೆಗೆ ಇಂಟರ್ನೆಟ್ ನಿಂತಾಗ ಕೇಬಲಿನ ಹುಡುಗನಿಗೆ ಫೋನು ಮಾಡಿದೆ. ಈ ಬಾರಿ ಅವನು ಕಾಯಿಸಲಿಲ್ಲ. “ಪಿಂಗ್ ಹೋತೋಯ್, ಕಾಕಾ” (ಪಿಂಗ್ ಆಗುತ್ತಿದೆ) ಎಂದ, “ನಿಮ್ಮ ಮನೆಯೊಳಗಿನ ವೈರು ನೋಡಿಕೊಳ್ಳಿ.” ನೋಡಿದರೆ, ಕಸ ಗುಡಿಸುವಾಗ ಪೊರಕೆ ತಾಗಿ ಅದು ಕಂಪ್ಯೂಟರಿನ ಹಿಂದೆ ಕಳಚಿಕೊಂಡಿತ್ತು.